ಅಲರ್ಜಿ ಮಾತ್ರೆ ನುಂಗುವ ಮುಂಚೆ ನಾಳೆ ಏನು ಕೆಲಸ ಅಂತ ನೋಡಿ

ಮುಂಗಾರು ಹಿಡಿದು ಒಂದೂವರೆ ತಿಂಗಳಾದರೆ ಸಾಕು, ಬದು, ರಸ್ತೆ ಅಂಚು, ಬೀಳು ಬಿಟ್ಟ ಹೊಲ ಎಲ್ಲ ಕಡೆ ಕಾಂಗ್ರೆಸ್ ಗಿಡ ಬೆಳ್ಳಗೆ ಹೂ ಬಿಟ್ಟು ನಿಂತಿರುತ್ತೆ. ಅದೇ ಹೊತ್ತಿಗೆ ಊರಲ್ಲಿ ಸೀನು ಶುರು. ಎದ್ದ ಕೂಡಲೇ ಸಾಲಾಗಿ ಹತ್ತು ಸೀನು, ಮೂಗಲ್ಲಿ ನೀರು, ಕಣ್ಣು ಕೆಂಪು. ಮೆಡಿಕಲ್‌ಗೆ ಹೋಗಿ "ನೆಗಡಿಗೆ ಏನಾದ್ರೂ ಕೊಡಿ ಅಣ್ಣಾ" ಅಂದರೆ ನಾಲ್ಕು ಬಗೆಯ ಮಾತ್ರೆ ಕತ್ತರಿಸಿ, ಕಾಗದದಲ್ಲಿ ಕಟ್ಟಿ ಕೊಡ್ತಾರೆ. ಹೆಸರು ಗೊತ್ತಿಲ್ಲ, ಪ್ರಮಾಣ ಗೊತ್ತಿಲ್ಲ. ಅದನ್ನ ನುಂಗಿ ಟ್ರ್ಯಾಕ್ಟರ್ ಹತ್ತುತ್ತೀವಿ. ಬೆಳೆಗೆ ಹೊಡೆಯೋ ಔಷಧಿ ಬಾಟಲಿಯ ಲೇಬಲ್ ಅನ್ನ ಮೊಬೈಲ್‌ನಲ್ಲಿ ಫೋಟೋ ತೆಗೆದು ಹತ್ತು ಜನಕ್ಕೆ ಕಳಿಸಿ ಕೇಳುವವರು, ನಮ್ಮ ಬಾಯಿಗೆ ಹಾಕೋ ಮಾತ್ರೆ ಯಾವುದು ಅಂತ ಕೇಳೋದೇ ಇಲ್ಲ.

ನಾನು ಓದಿದ್ದು ತೋಟಗಾರಿಕೆ, ವೈದ್ಯಕೀಯ ಅಲ್ಲ. ಆದರೆ ಚೀಟಿ ಇಲ್ಲದೆ ಅಂಗಡಿಯಲ್ಲಿ ಕೈಗೆ ಸಿಗುವ ಮಾತ್ರೆಗಳ ಬಗ್ಗೆ ಇಷ್ಟಾದರೂ ನಮಗೆ ಗೊತ್ತಿರಬೇಕು. ಯಾಕಂದ್ರೆ ನಮ್ಮ ಕೆಲಸ ಕುರ್ಚಿ ಮೇಲೆ ಕೂತು ಮಾಡೋದಲ್ಲ. ರೋಟವೇಟರ್ ಇದೆ, ಮೇವು ಕತ್ತರಿಸೋ ಯಂತ್ರ ಇದೆ, ತೆಂಗಿನ ಮರ ಇದೆ.

ನೆಗಡಿಯೋ ಅಲರ್ಜಿಯೋ

ನೆಗಡಿ ಆದರೆ ಮೈಕೈ ನೋವು, ಗಂಟಲು ನೋವು, ಒಮ್ಮೊಮ್ಮೆ ಜ್ವರ ಇರುತ್ತೆ. ವಾರ, ಹತ್ತು ದಿನದಲ್ಲಿ ಇಳಿಯುತ್ತೆ. ಅಲರ್ಜಿಯಲ್ಲಿ ಜ್ವರ ಇರಲ್ಲ. ಮೂಗು, ಕಣ್ಣು, ಅಂಗುಳ ತುರಿಸುತ್ತೆ, ನೀರು ತೆಳ್ಳಗೆ ಸುರಿಯುತ್ತೆ, ವಾರಗಟ್ಟಲೆ ಎಳೆಯುತ್ತೆ. ಪ್ರತಿ ವರ್ಷ ಅದೇ ತಿಂಗಳಲ್ಲಿ ಬರುತ್ತೆ. ನಾಲ್ಕು ದಿನ ನೆಂಟರ ಊರಿಗೆ ಹೋದಾಗ ಕಡಿಮೆಯಾಗಿ, ವಾಪಸ್ ಬಂದು ಹೊಲಕ್ಕೆ ಇಳಿದ ಕೂಡಲೇ ಮತ್ತೆ ಶುರುವಾದರೆ ಅನುಮಾನವೇ ಬೇಡ.

ಯಾವ ಗಿಡ ಅನ್ನೋದಕ್ಕೆ ಒಂದು ಗುಟ್ಟು ಹೇಳ್ತೀನಿ. ಬಣ್ಣ, ವಾಸನೆ ಇರುವ ಹೂವಿನ ಪರಾಗ ಸಾಮಾನ್ಯವಾಗಿ ಅಂಟು, ಭಾರ. ಅದನ್ನ ಜೇನು ಹೊರುತ್ತೆ, ಗಾಳಿಗೆ ಅಷ್ಟಾಗಿ ಹಾರಲ್ಲ. ಹಾಗಾಗಿ ಮನೆ ಮುಂದಿನ ಚೆಂಡುಹೂವನ್ನ ಬೈದು ಕೀಳುವ ಮುಂಚೆ, ನೋಡೋಕೆ ಹೂವೇ ಅನ್ನಿಸದ ಹೂಗಳ ಕಡೆ ನೋಡಿ: ಹುಲ್ಲಿನ ತೆನೆ, ಜೋಳದ ಸೂಲಂಗಿ, ಸರ್ವೆ ಮರ, ಕಾಂಗ್ರೆಸ್ ಗಿಡ. ಇನ್ನು ಒಕ್ಕಣೆ ಕಾಲದಲ್ಲಿ ಬರುವ ಸೀನಿಗೆ ಪರಾಗಕ್ಕಿಂತ ರಾಗಿ, ತೊಗರಿ ಹೊಟ್ಟಿನ ಧೂಳು ಮತ್ತು ನೆಂದ ಮೇವಿನ ಬೂಷ್ಟು ಕಾರಣ ಇರಬಹುದು. ಸಾವಯವದವರಿಗೂ ರಿಯಾಯಿತಿ ಇಲ್ಲ. ಕಾಂಪೋಸ್ಟ್ ಗುಡ್ಡೆ ತಿರುವಿ ಹಾಕುವಾಗ ಏಳುವ ಬಿಳಿ ಹೊಗೆಯಂಥದ್ದರಲ್ಲಿ ಬೂಷ್ಟಿನ ಬೀಜಕಣ ಇರಬಹುದು.

ಮಾತ್ರೆ: ನಿದ್ದೆ ಬರಿಸೋದು, ಬರಿಸದೇ ಇರೋದು

ಅಲರ್ಜಿಗೆ ಕೊಡುವ ಮಾತ್ರೆಗಳಲ್ಲಿ ಎರಡು ತಲೆಮಾರು ಇವೆ. ಹಳೆಯ ತಲೆಮಾರು ಅಂದರೆ ಅವಿಲ್ ಅಂತ ಎಲ್ಲರಿಗೂ ಗೊತ್ತಿರುವ ಫೆನಿರಮಿನ್, ಮತ್ತೆ ಸಿಪಿಎಂ ಅನ್ನೋ ಕ್ಲೋರ್‌ಫೆನಿರಮಿನ್. ಸೀನು ನಿಲ್ಲಿಸ್ತವೆ, ಸುಳ್ಳಲ್ಲ. ಆದರೆ ಮಿದುಳಿಗೂ ಹೋಗಿ ಮಂಪರು ತರುತ್ತವೆ. ನಿದ್ದೆ ಬಂದಂಗೆ ಅನ್ನಿಸದೇ ಇದ್ದರೂ ಕೈ ತಡವಾಗಿ ಕೆಲಸ ಮಾಡುತ್ತೆ. ಮೇವು ಕತ್ತರಿಸೋ ಯಂತ್ರದ ಬಾಯಿಗೆ ಜೋಳದ ದಂಟು ಕೊಡುವಾಗ ಆ ಅರ್ಧ ಸೆಕೆಂಡೇ ಬೆರಳಿನ ಬೆಲೆ. ವಯಸ್ಸಾದ ಅಪ್ಪನಿಗೆ ಮೂತ್ರ ಕಟ್ಟುವ ತೊಂದರೆ ಇದ್ದರೆ, ಕೆಲವು ಬಗೆಯ ಗ್ಲಾಕೋಮಾ ಇದ್ದರೆ, ಈ ಹಳೆಯ ಮಾತ್ರೆಗಳಿಂದ ಅದು ಹೆಚ್ಚಾಗಬಹುದು. ಅಂಥವರಿಗೆ ವೈದ್ಯರನ್ನ ಕೇಳದೆ ಕೊಡಲೇಬೇಡಿ.

ಹೊಸ ತಲೆಮಾರಿನಲ್ಲಿ ನಮ್ಮ ಕಡೆ ಹೆಚ್ಚು ಸಿಗೋದು ಸೆಟ್ರಿಜಿನ್. ದೊಡ್ಡವರಿಗೆ ಸಾಮಾನ್ಯವಾಗಿ 10 ಮಿಲಿಗ್ರಾಂ, ದಿನಕ್ಕೆ ಒಂದೇ. ಅದರ ತಮ್ಮ ಲೆವೊಸೆಟ್ರಿಜಿನ್ 5 ಮಿಲಿಗ್ರಾಂ. ಇವು ಅವಿಲ್‌ನಷ್ಟು ಮಂಪರು ತರಲ್ಲ, ಆದರೂ ಕೆಲವರಿಗೆ ಚೆನ್ನಾಗಿಯೇ ನಿದ್ದೆ ಬರಿಸ್ತವೆ, ಮಾರನೇ ದಿನ ಬೆಳಗ್ಗೆವರೆಗೂ ತಲೆ ಭಾರ ಇರುತ್ತೆ. ನೀವು ಆ ಕೆಲವರಲ್ಲಿ ಒಬ್ಬರೋ ಅಲ್ಲವೋ ಅಂತ ತಿಳಿಯೋಕೆ ಮೊದಲ ಮಾತ್ರೆಯನ್ನ ಮಾರನೇ ದಿನ ಯಂತ್ರದ ಕೆಲಸ ಇಲ್ಲದ ರಾತ್ರಿ ತಗೊಳ್ಳಿ. ಅವತ್ತು ಸಂಜೆ ಕುಡಿಯೋ ಕಾರ್ಯಕ್ರಮ ಇದ್ದರೆ ಮಾತ್ರೆ ಬೇಡ, ಎರಡೂ ಸೇರಿದರೆ ಮಂಪರು ಏರುತ್ತೆ. ಕಿಡ್ನಿ ತೊಂದರೆ ಇರುವವರಿಗೆ ಇದರ ಪ್ರಮಾಣವೇ ಬೇರೆ.

ಟ್ರ್ಯಾಕ್ಟರ್ ಓಡಿಸುವವರಿಗೆ, ಮರ ಹತ್ತುವವರಿಗೆ ಕೇಳಿ ಪಡೆಯಬೇಕಾದ ಹೆಸರು ಫೆಕ್ಸೊಫೆನಾಡಿನ್. ಮಂಪರು ಅತಿ ಕಡಿಮೆ ಇರೋದು ಇದರಲ್ಲೇ. ಪರಾಗದ ಅಲರ್ಜಿಗೆ ದೊಡ್ಡವರಿಗೆ ದಿನಕ್ಕೊಂದು 120 ಮಿಲಿಗ್ರಾಂ ಮಾತ್ರೆ ಬಳಕೆಯಲ್ಲಿದೆ. ಸೆಟ್ರಿಜಿನ್‌ಗಿಂತ ದುಬಾರಿ, ಅದಕ್ಕೇ ಅಂಗಡಿಯವರು ತಾವಾಗಿ ಕೊಡದೇ ಇರಬಹುದು. ಇದಕ್ಕೆ ಒಂದು ಪಥ್ಯ ಇದೆ: ನೀರಲ್ಲೇ ನುಂಗಬೇಕು. ಕಿತ್ತಳೆ, ಸೇಬು ಥರದ ಹಣ್ಣಿನ ರಸದ ಜೊತೆ ತಗೊಂಡರೆ ಮೈಗೆ ಸರಿಯಾಗಿ ಹತ್ತಲ್ಲ. ಎದೆಯುರಿಗೆ ಕುಡಿಯೋ ಆಂಟಾಸಿಡ್‌ಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಬಸುರಿ, ಬಾಣಂತಿಯರಿಗೆ ಯಾವ ಮಾತ್ರೆಯನ್ನೂ ಅಂಗಡಿ ಮಾತಿನ ಮೇಲೆ ಕೊಡಬೇಡಿ. ಮಕ್ಕಳಿಗೆ ನಮ್ಮ ಮಾತ್ರೆ ಅರ್ಧ ಮುರಿದು ಕೊಡೋದು ಬೇಡ.

ನಮ್ಮ ತೋಟಕ್ಕೆ ಕಾಯಿ ಕೀಳಲು ಬರುವ ಹುಡುಗನ ಹತ್ತಿರ ಒಮ್ಮೆ ಜೇಬಲ್ಲಿದ್ದ ಮಾತ್ರೆ ಕೇಳಿ ನೋಡಿದೆ. ಸ್ಟ್ರಿಪ್ ಹಿಂದೆ ಮೂರು ಹೆಸರು: ಪ್ಯಾರಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್. ಇದು ನೆಗಡಿಯ ಮಿಶ್ರ ಮಾತ್ರೆ. ಜ್ವರ ಇಲ್ಲದವನಿಗೆ ಜ್ವರದ ಮದ್ದು, ಬಿಪಿ ಏರಿಸಬಲ್ಲ ಇನ್ನೊಂದು, ಮಂಪರು ತರೋ ಮತ್ತೊಂದು. ಅದನ್ನ ನುಂಗಿ ಅರವತ್ತು ಅಡಿ ಮರ ಹತ್ತೋನು ಅವನು. ಮೈಕೈ ನೋವು ಅಂತ ಮೇಲೊಂದು ಪ್ಯಾರಸಿಟಮಾಲ್ ನುಂಗಿದರೆ ಅದೂ ಡಬಲ್ ಆಗುತ್ತೆ, ಲಿವರ್‌ಗೆ ಹೊರೆ. "ಅಕ್ಕ, ಒಂದೇ ಮಾತ್ರೇಲಿ ಎಲ್ಲಾ ಇದ್ರೆ ಒಳ್ಳೇದಲ್ವಾ" ಅಂದ. ಕಳೆಗೆ, ಹುಳಕ್ಕೆ, ರೋಗಕ್ಕೆ ಮೂರನ್ನೂ ಒಂದೇ ಡ್ರಮ್ಮಿಗೆ ಸುರಿದು ಹೊಡೀತೀಯಾ ಅಂತ ಕೇಳಿದೆ, ನಕ್ಕ. ಈಗ ಕೀಳುವ ದಿನ ಫೆಕ್ಸೊಫೆನಾಡಿನ್ ತಗೊಳ್ತಾನೆ.

ಹೆಸರಿಲ್ಲದ ಬಿಡಿ ಮಾತ್ರೆ ಬೇಡ ಅನ್ನೋಕೆ ಇನ್ನೂ ಒಂದು ಕಾರಣ ಇದೆ. ಕಾಗದದ ಪೊಟ್ಟಣದಲ್ಲಿ ಬರುವ ಪುಟ್ಟ ಮಾತ್ರೆ ಡೆಕ್ಸಾಮೆಥಸೋನ್ ಅಥವಾ ಬೀಟಾಮೆಥಸೋನ್ ಆಗಿರಬಹುದು, ಅಂದರೆ ಸ್ಟೀರಾಯ್ಡ್. ಒಂದೇ ದಿನಕ್ಕೆ ಆರಾಮ ಅನ್ನಿಸುತ್ತೆ, ಅದಕ್ಕೇ ಜನ ಮತ್ತೆ ಮತ್ತೆ ಕೇಳ್ತಾರೆ. ತಿಂಗಳುಗಟ್ಟಲೆ ತಗೊಂಡರೆ ಸಕ್ಕರೆ ಏರುತ್ತೆ, ಮೂಳೆ ಸವೆಯುತ್ತೆ, ಮುಖ ಊದುತ್ತೆ. ಕಣ್ಣಿಗೆ ಬಿಡುವ ಸ್ಟೀರಾಯ್ಡ್ ಹನಿಯೂ ಅಷ್ಟೇ ಅಪಾಯ, ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಕುತ್ತು. ಪೂರ್ತಿ ಸ್ಟ್ರಿಪ್ ಕೊಡಿ, ಇಲ್ಲಾ ಹೆಸರು ಕಾಣುವಂತೆ ಕತ್ತರಿಸಿ ಕೊಡಿ ಅಂತ ಕೇಳಿ. ತಾಲ್ಲೂಕಿನಲ್ಲಿ ಜನೌಷಧಿ ಕೇಂದ್ರ ಇದ್ದರೆ ಅಲ್ಲಿ ಮದ್ದಿನ ಹೆಸರಲ್ಲೇ ಮಾತ್ರೆ ಸಿಗುತ್ತೆ, ಬೆಲೆಯೂ ಕಡಿಮೆ.

ಮೂಗಿನ ಹನಿ, ಉಪ್ಪು ನೀರು

ಮೂಗು ಕಟ್ಟಿದಾಗ ಎರಡು ನಿಮಿಷಕ್ಕೆ ಬಿಡಿಸುವ ಹನಿ ಇದೆಯಲ್ಲ, ಆಕ್ಸಿಮೆಟಜೊಲಿನ್ ಅಥವಾ ಕ್ಸೈಲೊಮೆಟಜೊಲಿನ್, ಅದನ್ನ ಮೂರು ದಿನ, ಹೆಚ್ಚೆಂದರೆ ಐದು ದಿನ. ಅದಕ್ಕಿಂತ ಮುಂದುವರಿಸಿದರೆ ಹನಿಯಿಂದಲೇ ಮೂಗು ಕಟ್ಟೋಕೆ ಶುರುವಾಗುತ್ತೆ, ಬಿಡಿಸೋಕೆ ಮತ್ತೆ ಅದೇ ಹನಿ ಬೇಕಾಗುತ್ತೆ.

ಪ್ರತಿ ವರ್ಷ ಎರಡು ಮೂರು ತಿಂಗಳು ನರಳುವವರು ವೈದ್ಯರ ಹತ್ತಿರ ಮೂಗಿನ ಸ್ಟೀರಾಯ್ಡ್ ಸ್ಪ್ರೇ ಬಗ್ಗೆ ಕೇಳಿ. ಇದು ಮೂಗಿನ ಒಳಗಷ್ಟೇ ಕೆಲಸ ಮಾಡುವಂಥದ್ದು, ಮೇಲೆ ಹೇಳಿದ ಮಾತ್ರೆಯಂತಲ್ಲ. ಹೊಡೆದ ಕೂಡಲೇ ಗುಣ ಕಾಣಲ್ಲ, ಪೂರ್ತಿ ಪರಿಣಾಮಕ್ಕೆ ಒಂದೆರಡು ವಾರ ಬೇಕು. ಅದಕ್ಕೇ ಗಿಡ ಹೂ ಬಿಡುವ ಮುಂಚೆ ಹೋಗಿ ತೋರಿಸಿದರೆ ಲಾಭ.

ಖರ್ಚಿಲ್ಲದ ಉಪಾಯ ಅಂದರೆ ಜಲನೇತಿಯ ಹಾಗೆ ಮೂಗು ತೊಳೆಯೋದು. 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ಟೀ ಚಮಚ. ನೀರು ಕುದಿಸಿ ಆರಿಸಿದ್ದೇ ಆಗಬೇಕು. ಬೋರ್‌ವೆಲ್, ಕೃಷಿ ಹೊಂಡದ ನೀರು ನೇರವಾಗಿ ಬೇಡ. ಮೂಗಿನ ಮೂಲಕ ಮಿದುಳಿಗೆ ಹೋಗಿ ಜೀವ ತೆಗೆಯುವ ಅಮೀಬಾ ಅಂಥ ನೀರಲ್ಲಿ ಇರಬಹುದು. ಶುಂಠಿ ಕಷಾಯ, ಅರಿಶಿನ ಹಾಲು ಗಂಟಲಿಗೆ ಹಿತ, ಕುಡಿಯಿರಿ. ಅಲರ್ಜಿ ನಿಲ್ಲಿಸ್ತವೆ ಅಂತ ಮಾತ್ರ ನಂಬಿ ಕೂರಬೇಡಿ.

ಇದು ಅಲರ್ಜಿ ಅಲ್ಲ

ಈ ಭಾಗ ಓದದೆ ಹೋಗಬೇಡಿ. ಔಷಧಿ ಹೊಡೆದ ದಿನ, ಅಥವಾ ಪಕ್ಕದವರು ಹೊಡೆದ ಹೊಲದಲ್ಲಿ ಕೆಲಸ ಮಾಡಿದ ದಿನ, ಮೂಗು ಕಣ್ಣು ಸುರಿಯೋದರ ಜೊತೆಗೆ ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ವಾಂತಿ, ಹೊಟ್ಟೆ ನುಲಿತ, ಕಣ್ಣು ಮಂಜು, ಎದೆ ಬಿಗಿತ, ಮಾಂಸಖಂಡ ಅದುರೋದು ಕಂಡರೆ ಅದು ವಿಷ ಏರಿದ ಲಕ್ಷಣ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಥರದ ಕೀಟನಾಶಕಗಳು ಹೀಗೇ ಕೆಲಸ ಮಾಡ್ತವೆ. ಸೆಟ್ರಿಜಿನ್ ನುಂಗಿ ಮಲಗಿದರೆ ಏನೂ ಉಪಯೋಗ ಇಲ್ಲ, ಹೊತ್ತು ಹೋಗುತ್ತೆ ಅಷ್ಟೇ. ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ಮೈ ತೊಳೆಸಿ, 108ಕ್ಕೆ ಫೋನ್ ಮಾಡಿ. ತೊಳೆಸುವವರು ಕೈಗೆ ಗ್ಲೌಸ್ ಹಾಕಿಕೊಳ್ಳಿ. ಆಸ್ಪತ್ರೆಗೆ ಔಷಧಿಯ ಲೇಬಲ್ ತಗೊಂಡು ಹೋಗಿ, ಚಿಕಿತ್ಸೆ ಅದರ ಮೇಲೆ ನಿಂತಿದೆ. ಬರೀ ಅಲರ್ಜಿಯೇ ಆದರೂ ಉಸಿರಾಡುವಾಗ ಸುಯ್ ಅಂತ ಸದ್ದು ಬಂದರೆ, ರಾತ್ರಿ ಕೆಮ್ಮಿ ಎದ್ದು ಕೂರುವಂತಾದರೆ, ಅದು ಅಸ್ತಮಾ ಇರಬಹುದು. ಅಂಗಡಿ ಮಾತ್ರೆಯ ಹಂತ ಅಲ್ಲಿಗೆ ಮುಗೀತು, ವೈದ್ಯರ ಹತ್ತಿರ ಹೋಗಿ.

ಬದುವಿನ ಕೆಲಸ

ಮಾತ್ರೆ ಎಷ್ಟೇ ಒಳ್ಳೇದಿದ್ದರೂ ಗಾಳಿಯಲ್ಲಿ ಪರಾಗ ಕಡಿಮೆ ಮಾಡಲ್ಲ. ಕಾಂಗ್ರೆಸ್ ಗಿಡ ಮೊಳೆತು ನಾಲ್ಕರಿಂದ ಆರು ವಾರದಲ್ಲಿ ಹೂ ಬಿಡುತ್ತೆ, ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಹಾಗಾಗಿ ಮಳೆ ಬಂದು ನೆಲ ಮೆತ್ತಗಿರುವಾಗ, ಹೂವಿಗೆ ಮುಂಚೆ, ಬೇರು ಸಮೇತ ಕೀಳಬೇಕು. ಬರಿಗೈಯಲ್ಲಿ ಬೇಡ, ಚರ್ಮಕ್ಕೂ ಅಲರ್ಜಿ ಹತ್ತುತ್ತೆ. ಮನೆಯಲ್ಲಿ ಯಾರಿಗೆ ಸೀನು ಬರುತ್ತೋ ಅವರನ್ನ ಈ ಕೆಲಸಕ್ಕೆ ಹಚ್ಚಬೇಡಿ. ತಲೆಗೆ ಸುತ್ತುವ ಟವೆಲ್ ಅನ್ನೇ ಮೂಗಿಗೆ ಕಟ್ಟಿದರೆ ಸಾಲದು, ಎನ್95 ಮಾಸ್ಕ್ ಹಾಕಿ. ಕೆಲಸ ಮುಗಿಸಿ ಮನೆ ಒಳಗೆ ಹೋಗುವ ಮುಂಚೆ ತಲೆಗೆ ನೀರು ಹಾಕಿಕೊಂಡು ಬಟ್ಟೆ ಬದಲಿಸಿ, ಇಲ್ಲದಿದ್ದರೆ ಪರಾಗ ದಿಂಬಿನ ತನಕ ಬರುತ್ತೆ.

ಉಪ್ಪು ನೀರು ಹೊಡೆದು ಸುಡುವ ಪದ್ಧತಿ ನನಗೆ ಇಷ್ಟವಿಲ್ಲ, ಹೊಲದ ಬದುವಿನಲ್ಲಂತೂ ಬೇಡ, ಮಣ್ಣಿಗೆ ಉಪ್ಪು ಸೇರುತ್ತೆ. ಎಲೆ ಮೇಲೆ ಮಾಸಲು ಬಿಳಿ ಬೆನ್ನಿಗೆ ಕಂದು ಗೆರೆ ಇರುವ ಪುಟ್ಟ ದುಂಬಿ ಕಂಡರೆ ಕೊಲ್ಲಬೇಡಿ. ಅದು ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತತಿ, ಮಳೆಗಾಲದಲ್ಲಿ ಕಾಂಗ್ರೆಸ್ ಎಲೆಯನ್ನ ಜರಡಿ ಮಾಡುತ್ತೆ. ಕಿತ್ತ ಗಿಡದಲ್ಲಿ ಹೂ ಇಲ್ಲದಿದ್ದರೆ ಕಾಂಪೋಸ್ಟ್ ಗುಂಡಿಗೆ ಹಾಕಿ, ಒಳ್ಳೆ ಗೊಬ್ಬರ. ಹೂ ಬಿಟ್ಟಿದ್ದರೆ ಗುಂಡಿಗೆ ಬೇಡ. ಅದರ ಬೀಜ ಮುಂದಿನ ವರ್ಷ ಗೊಬ್ಬರದ ಜೊತೆ ನಿಮ್ಮ ಹೊಲಕ್ಕೇ ವಾಪಸ್ ಬರುತ್ತೆ.