ತೀವ್ರಗಾಮಿ ಎಂಬ ಪದ ಮತ್ತು ನಾಗಪುರದ ಮೂರು ಸಭೆಗಳು

ಕನ್ನಡದ ರಾಜಕೀಯ ಚರ್ಚೆಯಲ್ಲಿ 'ತೀವ್ರಗಾಮಿ', 'ಉಗ್ರಗಾಮಿ', 'ಅತಿರೇಕ' ಎಂಬ ಪದಗಳು ಒಂದೇ ಅರ್ಥದವೆಂಬಂತೆ ಬಳಕೆಯಾಗುವುದುಂಟು. ಆದರೆ ಇವುಗಳ ಒಡಲು ಬೇರೆ ಬೇರೆ. ತೀವ್ರಗಾಮಿಯೆಂದರೆ ವೇಗವಾಗಿ ನಡೆಯುವವನು. ಅದರ ಜೊತೆಪದವಾದ ಮಂದಗಾಮಿಯೆಂದರೆ ನಿಧಾನವಾಗಿ ನಡೆಯುವವನು. ಈ ಜೋಡಿಯೊಳಗೆ ಒಂದು ಗ್ರಹಿಕೆ ಅಡಗಿದೆ: ಇಬ್ಬರೂ ಒಂದೇ ದಾರಿಯಲ್ಲಿದ್ದಾರೆ, ಭೇದವಿರುವುದು ನಡಿಗೆಯಲ್ಲಿ. ಮರಾಠಿಯಲ್ಲಿ ಇದೇ ಜೋಡಿಗೆ 'ಜಹಾಲ', 'ಮವಾಳ' ಎನ್ನುತ್ತಾರೆ. ಒಂದು ತೀಕ್ಷ್ಣ, ಇನ್ನೊಂದು ಮೃದು. ಅಲ್ಲಿ ರೂಪಕ ನಡಿಗೆಯದಲ್ಲ, ಸ್ವಭಾವದ್ದು. ಕನ್ನಡದ 'ಉಗ್ರಗಾಮಿ' ಈ ಎರಡನೆಯ ಬಗೆಗೆ ಹತ್ತಿರವಾದುದು. ಪದದಲ್ಲಿ 'ಗಾಮಿ' ಉಳಿದಿದ್ದರೂ ನಡಿಗೆಯ ಅರ್ಥ ಅಳಿಸಿಹೋಗಿದೆ. ಜೊತೆಯಲ್ಲಿ ನಡೆಯುವವನೂ ಇಲ್ಲವಾಗಿದ್ದಾನೆ. ಅದಕ್ಕೆ ಮಂದಗಾಮಿಯಂಥ ಪ್ರತಿಪದವೊಂದು ಕನ್ನಡದಲ್ಲಿ ರೂಢಿಗೆ ಬರಲಿಲ್ಲವೆಂಬುದು ಗಮನಾರ್ಹ.

ಸ್ವತಂತ್ರ ಸಮಾಜವೊಂದಕ್ಕೆ ರಾಜಕೀಯ ಅತಿರೇಕದಿಂದ ಒದಗುವ ಅಪಾಯವನ್ನು ವಿವೇಚಿಸುವಾಗ ಈ ಭೇದ ಉಪಯುಕ್ತವಾಗುತ್ತದೆ. ತೀವ್ರವಾದ ಅಭಿಪ್ರಾಯವನ್ನು ತಳೆಯುವುದೇ ಅಪಾಯವೆ? ಅಥವಾ ಬೇರೆ ಅಭಿಪ್ರಾಯದವನು ಅದೇ ಸಭೆಯಲ್ಲಿ ಕುಳಿತಿರಲು ಬಾರದು ಎನ್ನುವಲ್ಲಿ ಅಪಾಯ ಮೊದಲಾಗುತ್ತದೆಯೆ? ಈ ಪ್ರಶ್ನೆಯನ್ನು ಪರಿಶೀಲಿಸಲು ನಾಗಪುರದಂಥ ಊರು ಮತ್ತೊಂದು ಸಿಗಲಾರದು. ಅಲ್ಲಿ ನಡೆದ ಎರಡು ಸಭೆಗಳು, ನಡೆಯಬೇಕಾಗಿದ್ದೂ ನಡೆಯದೆಹೋದ ಒಂದು ಸಭೆ, ಈ ಮೂರೂ ಭಾರತದ ಸಾರ್ವಜನಿಕ ಬದುಕಿನ ರೀತಿಯನ್ನು ನಿರ್ಧರಿಸಿದಂಥವು. ಅವುಗಳಲ್ಲಿ ಒಂದು ಕನ್ನಡನಾಡಿನ ಹಣೆಬರಹವನ್ನೂ ಬರೆಯಿತು.

ನಡೆಯದೆಹೋದ ಸಭೆಯೆಂದರೆ 1907ರ ಕಾಂಗ್ರೆಸ್ ಅಧಿವೇಶನ. ಅದು ನಾಗಪುರದಲ್ಲಿ ಸೇರಬೇಕಾಗಿತ್ತು. ಅಧ್ಯಕ್ಷರು ಯಾರಾಗಬೇಕೆಂಬ ಬಗ್ಗೆ ಟಿಳಕರ ಪಕ್ಷದವರಿಗೂ ಮಂದಗಾಮಿಗಳಿಗೂ ಅಲ್ಲಿ ಎದ್ದ ಕಲಹ ಶಮನವಾಗದೆ, ಅಧಿವೇಶನವನ್ನು ಸೂರತ್ತಿಗೆ ಸಾಗಿಸಲಾಯಿತು. ಕಲಹವೂ ಅದರೊಡನೆಯೇ ಸಾಗಿತು. ಡಿಸೆಂಬರ್ ಕೊನೆಯ ವಾರದಲ್ಲಿ ಸೂರತ್ತಿನ ಚಪ್ಪರದಲ್ಲಿ ಕುರ್ಚಿ, ಕೋಲುಗಳು ಎದ್ದವು. ವೇದಿಕೆಯತ್ತ ತೂರಿಬಂದ ಪಾದರಕ್ಷೆಯೊಂದು ಸುರೇಂದ್ರನಾಥ ಬ್ಯಾನರ್ಜಿ, ಫಿರೋಜ್‌ಷಾ ಮೆಹತಾ ಇಬ್ಬರಿಗೂ ತಗುಲಿತು. ಒಡೆದ ಸಂಸ್ಥೆ ಮತ್ತೆ ಕೂಡಿಕೊಂಡದ್ದು 1916ರ ಲಖನೌದಲ್ಲಿ. ತೀವ್ರಗಾಮಿಯೆನಿಸಿದ ಟಿಳಕರು ಈ ನಡುವಣ ವರ್ಷಗಳಲ್ಲಿ ಮಂಡಾಲೆಯ ಸೆರೆಮನೆಯಲ್ಲಿ ಕುಳಿತು 'ಗೀತಾರಹಸ್ಯ'ವನ್ನು ಬರೆದರು. ಅದನ್ನು ಕನ್ನಡಕ್ಕೆ ತಂದವರು ಆಲೂರ ವೆಂಕಟರಾಯರು. ಏಕೀಕರಣದ ಹಿರಿಯ ಚೇತನವು ತೀವ್ರಗಾಮಿಯೊಬ್ಬರ ಗ್ರಂಥವನ್ನು ಕನ್ನಡಿಸಿತೆಂಬುದು, ಆ ಪದಕ್ಕೆ ಅಂದು ಇಂದಿನ ಕಳಂಕ ಅಂಟಿರಲಿಲ್ಲವೆಂಬುದಕ್ಕೆ ಸಾಕ್ಷಿಯಂತಿದೆ.

ಹದಿಮೂರು ವರ್ಷಗಳ ಬಳಿಕ, 1920ರ ಡಿಸೆಂಬರ್ 26ರಂದು, ಸಿ. ವಿಜಯರಾಘವಾಚಾರ್ಯರ ಅಧ್ಯಕ್ಷತೆಯಲ್ಲಿ ನಾಗಪುರವು ಕಾಂಗ್ರೆಸ್ಸನ್ನು ನಿಜವಾಗಿಯೂ ಬರಮಾಡಿಕೊಂಡಿತು. ಹದಿನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಪ್ರತಿನಿಧಿಗಳು ನೆರೆದಿದ್ದರು. ಅದೇ ವರ್ಷ ಧಾರವಾಡದಲ್ಲಿ, ಮೈಸೂರಿನ ಮಾಜಿ ದಿವಾನರಾದ ವಿ. ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ಕೂಡಿದ ಕರ್ನಾಟಕ ರಾಜಕೀಯ ಪರಿಷತ್ತಿನ ಪ್ರೇರಣೆಯಿಂದ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ತೆರಳಿದ್ದರು. ಸುಮಾರು 800 ಪ್ರತಿನಿಧಿಗಳೆಂದು ಏಕೀಕರಣದ ಚರಿತ್ರೆಕಾರರು ಹೇಳುತ್ತಾರೆ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಜನ ತಮ್ಮದೊಂದು ಪ್ರಾಂತವನ್ನು ಕೇಳಲು ಹೋದುದು ಇನ್ನೊಂದು ಭಾಷೆಯ ಊರಿಗೆ. ಕೇಳಿದ್ದು ದೊರೆಯಿತು. ಕಾಂಗ್ರೆಸ್ಸು ತನ್ನ ಪ್ರಾಂತಗಳನ್ನು ಭಾಷೆಯ ಆಧಾರದ ಮೇಲೆ ಮರುರಚಿಸಲು ಒಪ್ಪಿತು. ಕರ್ನಾಟಕ ಪ್ರಾಂತಿಕ ಕಾಂಗ್ರೆಸ್ ಸಮಿತಿ ಹುಟ್ಟಿ, ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ ಅದರ ಮೊದಲ ಅಧ್ಯಕ್ಷರಾದರು. ಕರ್ನಾಟಕವೆಂಬುದು ಆಡಳಿತದ ಭೂಪಟದಲ್ಲಿ ಮೂಡುವುದಕ್ಕೆ 36 ವರ್ಷ ಮುನ್ನವೇ ಒಂದು ಸಂಸ್ಥೆಯ ನಿಯಮಾವಳಿಯಲ್ಲಿ ಮೂಡಿತು.

ಅದೇ ಅಧಿವೇಶನವು ಕಾಂಗ್ರೆಸ್ಸಿನ ಧ್ಯೇಯವಾಕ್ಯವನ್ನೂ ಬದಲಿಸಿತು. ಸಾಮ್ರಾಜ್ಯದೊಳಗಿನ ಸ್ವಯಮಾಡಳಿತವನ್ನು ಸಂವಿಧಾನಾತ್ಮಕ ಮಾರ್ಗದಿಂದ ಪಡೆಯುವುದು ಎಂಬರ್ಥದ ಹಳೆಯ ಮಾತನ್ನು ಬಿಟ್ಟು, ನ್ಯಾಯವೂ ಶಾಂತಿಯುತವೂ ಆದ ಎಲ್ಲ ಮಾರ್ಗಗಳಿಂದ ಸ್ವರಾಜ್ಯವನ್ನು ಸಾಧಿಸುವುದು ಎಂಬ ಅರ್ಥದ ಹೊಸ ಮಾತನ್ನಿಟ್ಟಿತು. ಅಸಹಕಾರದ ನಿರ್ಣಯಕ್ಕೆ ಅಂತಿಮ ಮುದ್ರೆ ಬಿದ್ದುದೂ ಅಲ್ಲಿಯೇ. ಗುರಿಯಲ್ಲಿ ಇದು ತೀವ್ರತೆಯ ಹೆಜ್ಜೆ. ಸಾಧನದಲ್ಲಿ ಸಂಯಮದ ಹೆಜ್ಜೆ. 1907ರಲ್ಲಿ ಪಾದರಕ್ಷೆಯಿಂದ ಇತ್ಯರ್ಥವಾಗದಿದ್ದುದು 1920ರಲ್ಲಿ ಒಂದು ವಾಕ್ಯದಿಂದ ಇತ್ಯರ್ಥವಾಯಿತು ಎಂದು ಹೇಳಬಹುದಾಗಿತ್ತು, ಆ ಸಭೆಯಲ್ಲಿ ಇನ್ನೊಂದು ಪ್ರಸಂಗ ನಡೆಯದೆ ಇದ್ದಿದ್ದರೆ.

ಮೊಹಮ್ಮದ್ ಅಲಿ ಜಿನ್ನಾ ಆ ನಿರ್ಣಯವನ್ನು ವಿರೋಧಿಸಲು ಎದ್ದುನಿಂತರು. ಮಾತಿನ ನಡುವೆ ಅವರು ಗಾಂಧಿಯವರನ್ನು 'ಮಿಸ್ಟರ್ ಗಾಂಧಿ' ಎಂದು ಕರೆದಾಗ, 'ಮಹಾತ್ಮ' ಎನ್ನಬೇಕೆಂದು ಸಭೆ ಕೂಗಿತು. ಮೌಲಾನಾ ಮೊಹಮ್ಮದ್ ಅಲಿಯವರ ಹೆಸರು ಬಂದಾಗಲೂ ಅದೇ ಗದ್ದಲ. ಆ ಅಧಿವೇಶನದೊಡನೆ ಜಿನ್ನಾ ಕಾಂಗ್ರೆಸ್ಸನ್ನು ತೊರೆದರು. ಮುಂದಿನ ಚರಿತ್ರೆಯ ಭಾರವನ್ನೆಲ್ಲ ಈ ಒಂದು ಕೂಗಿನ ಮೇಲೆ ಹೊರಿಸುವುದು ಸರಿಯಲ್ಲ. ಅದಕ್ಕೆ ಕಾರಣಗಳು ಅನೇಕ, ಜಿನ್ನಾರ ಮುಂದಿನ ರಾಜಕಾರಣವೂ ಅವುಗಳಲ್ಲೊಂದು. ಆದರೂ ಶಾಂತಿಯುತ ಮಾರ್ಗವನ್ನು ತನ್ನ ನಿಯಮವಾಗಿ ಬರೆದುಕೊಳ್ಳಲು ಕುಳಿತ ಸಭೆಯೇ ಒಂಟಿ ಭಿನ್ನಮತಕ್ಕೆ ಕಿವಿಗೊಡಲು ಕಷ್ಟಪಟ್ಟಿತು. ಕೋಲು ಎತ್ತದವರೂ ಸಹನೆಗೆಡಬಲ್ಲರು. ಅಲ್ಲಿ ಸಭೆಯನ್ನು ಕೆರಳಿಸಿದ್ದು ದ್ವೇಷವಲ್ಲ, ಭಕ್ತಿ. ಭಕ್ತಿಯೆಂಬ ಪದದೊಡನೆ ಜೀವಮಾನವಿಡೀ ವ್ಯವಹರಿಸುವ ಕನ್ನಡ ವಿದ್ಯಾರ್ಥಿಗೆ ಈ ವಿಚಾರ ತುಸು ಮುಜುಗರ ತರಬೇಕು.

ಈ ಮುಜುಗರವನ್ನು ಸಿದ್ಧಾಂತದ ಮಟ್ಟಕ್ಕೆ ಒಯ್ದವರು ಡಾ. ಬಿ. ಆರ್. ಅಂಬೇಡ್ಕರ್. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಕೊನೆಯ ದೊಡ್ಡ ಭಾಷಣದಲ್ಲಿ ಅವರು ಮುಖ್ಯವಾಗಿ ಮೂರು ಎಚ್ಚರಿಕೆಗಳನ್ನು ನೀಡಿದರು. ಸಂವಿಧಾನದ ಮಾರ್ಗ ತೆರೆದಿರುವಾಗ ರಕ್ತಕ್ರಾಂತಿಯನ್ನು ಮಾತ್ರವಲ್ಲ, ಅಸಹಕಾರ, ಸತ್ಯಾಗ್ರಹಗಳನ್ನೂ ಕೈಬಿಡಬೇಕೆಂಬುದು ಮೊದಲನೆಯದು. ಅವನ್ನು ಅವರು ಅರಾಜಕತೆಯ ವ್ಯಾಕರಣವೆಂದು ಕರೆದರು. ರಾಜಕಾರಣದಲ್ಲಿ ಭಕ್ತಿಯು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ದಾರಿಯೆಂಬುದು ಎರಡನೆಯದು. ಸಾಮಾಜಿಕ, ಆರ್ಥಿಕ ಅಸಮಾನತೆ ಹಾಗೆಯೇ ಉಳಿದರೆ, ನೊಂದವರೇ ಈ ರಾಜಕೀಯ ಪ್ರಜಾಪ್ರಭುತ್ವದ ಕಟ್ಟಡವನ್ನು ಸಿಡಿಸಿಬಿಡುವರೆಂಬುದು ಮೂರನೆಯದು. ಮೊದಲನೆಯ ಎಚ್ಚರಿಕೆ ನಾಗಪುರದ ಅಸಹಕಾರ ನಿರ್ಣಯಕ್ಕೆ ನೇರವಾಗಿ ಎದುರಾಗಿದೆ. ಪರಾಧೀನ ಸಮಾಜಕ್ಕೆ ಆಯುಧವಾದುದು ಸ್ವತಂತ್ರ ಸಮಾಜಕ್ಕೆ ವ್ಯಾಧಿಯಾಗಬಹುದೆಂಬ ಈ ವಿಚಾರವನ್ನು ಎಲ್ಲರೂ ಒಪ್ಪಿಲ್ಲ, ಒಪ್ಪಬೇಕಾಗಿಯೂ ಇಲ್ಲ; ಉಪವಾಸವನ್ನೂ ಬಾಂಬನ್ನೂ ಒಂದೇ ವಾಕ್ಯದಲ್ಲಿ ಇರಿಸುವುದು ಕಠಿಣವೆನಿಸುತ್ತದೆ. ಆದರೆ ಸಾಮಾನ್ಯವಾಗಿ ಮೊದಲೆರಡು ಎಚ್ಚರಿಕೆಗಳನ್ನು ಉದ್ಧರಿಸುವವರು ಮೂರನೆಯದನ್ನು ಬಿಟ್ಟುಬಿಡುತ್ತಾರೆ. ಮೂರನೆಯದನ್ನು ಬಿಟ್ಟರೆ ಮೊದಲನೆಯದು ಕೇವಲ ಪೊಲೀಸರ ಉಪದೇಶವಾಗಿ ಉಳಿಯುತ್ತದೆ.

ಅಂಬೇಡ್ಕರರು ಮಂದಗಾಮಿಯಾಗಿರಲಿಲ್ಲ. ಹಿಂದುವಾಗಿ ಸಾಯುವುದಿಲ್ಲವೆಂದು 1935ರಲ್ಲಿ ಯೇವಲೆಯಲ್ಲಿ ಸಾರಿದ ಅವರು, 21 ವರ್ಷಗಳ ಅಧ್ಯಯನ ಚಿಂತನೆಗಳ ನಂತರ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧದೀಕ್ಷೆ ಪಡೆದರು. ಭಿಕ್ಷು ಚಂದ್ರಮಣಿಯವರಿಂದ ತಾವು ದೀಕ್ಷೆ ಪಡೆದು, ನೆರೆದ ಲಕ್ಷಾಂತರ ಜನರಿಗೆ ತಾವೇ ದೀಕ್ಷೆಯನ್ನಿತ್ತರು. ಅಂದು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಹಿಂದಿನ ಧರ್ಮದ ದೇವತೆಗಳ, ಆಚರಣೆಗಳ ನಿರಾಕರಣೆ ಸ್ಪಷ್ಟವಾಗಿದೆ. ಇಪ್ಪತ್ತನೆಯ ಶತಮಾನದ ಭಾರತದಲ್ಲಿ ಇದಕ್ಕಿಂತ ತೀವ್ರವಾದ ಸಾಮೂಹಿಕ ನಿರ್ಧಾರವನ್ನು ಹೆಸರಿಸುವುದು ಕಷ್ಟ. ಆದರೆ ಅದರಲ್ಲಿ ಯಾರ ಮನೆಗೂ ಬೆಂಕಿ ಬೀಳಲಿಲ್ಲ. ಮರುದಿನದ ಭಾಷಣದಲ್ಲಿ, ಈ ಊರನ್ನೇ ಏಕೆ ಆರಿಸಿದಿರೆಂಬ ಪ್ರಶ್ನೆಯನ್ನು ಅವರು ಎತ್ತಿಕೊಂಡರು. 1925ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ರಾಷ್ಟ್ರೀಯ ಸ್ವಯಂಸೇವಕ ಸಂಘಕ್ಕೆ ಸೆಡ್ಡು ಹೊಡೆಯಲೆಂದು ತಾವು ಇಲ್ಲಿಗೆ ಬಂದಿಲ್ಲ, ಬೌದ್ಧಧರ್ಮವನ್ನು ಹರಡಿದ ನಾಗರ ನೆನಪಿಗಾಗಿ ಬಂದುದು ಎಂದು ವಿವರಿಸಿದರು. ನಾಗರ ಕುರಿತ ಆ ಚರಿತ್ರೆಯನ್ನು ವಿದ್ವಾಂಸರು ಚರ್ಚಿಸಬಹುದು. ಎದುರಾಳಿಯನ್ನು ಕೆಣಕುವ ಸುಖವನ್ನು, ಅದು ಕೈಗೆ ಎಟುಕುವಂತಿದ್ದಾಗಲೇ, ಅವರು ಬೇಡವೆಂದರು. ತೀವ್ರಗಾಮಿಗೂ ಉಗ್ರಗಾಮಿಗೂ ಇರುವ ಅಂತರ ಇಲ್ಲಿ ಅಳೆಯುವಷ್ಟು ಸ್ಪಷ್ಟವಾಗಿದೆ.

ದೀಕ್ಷೆಯಾದ ಹದಿನೆಂಟು ದಿನಗಳಿಗೆ, 1956ರ ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದು ವಿಶಾಲ ಮೈಸೂರು ರಾಜ್ಯ ಉದಯಿಸಿತು. ಅಂದೇ, ಅದುವರೆಗೆ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ನಾಗಪುರ ಮುಂಬಯಿ ರಾಜ್ಯದ ಒಂದು ನಗರವಾಯಿತು. ಕನ್ನಡಿಗರಿಗೆ ಮಾತು ಕೊಟ್ಟ ಊರು ತಾನೇ ಒಂದಷ್ಟನ್ನು ಕಳೆದುಕೊಂಡಿತು. ಆ 36 ವರ್ಷಗಳ ದಾರಿಯೂ ನಿಷ್ಕಳಂಕವೇನಲ್ಲ. 1953ರ ಏಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ಉದ್ರಿಕ್ತ ಜನ ತಮ್ಮ ನಾಯಕರ ಮೇಲೆಯೇ ಮುಗಿಬಿದ್ದು ಗೋಲಿಬಾರು ನಡೆಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರುವ ಸಂಭ್ರಮಕ್ಕೆ ಹಾಕಿದ ಚಪ್ಪರವನ್ನು ಕಾಯುತ್ತಿದ್ದ ರಂಜಾನ್ ಸಾಬ್ ಆಸಿಡ್ ದಾಳಿಗೆ ಬಲಿಯಾದರು. ಅನ್ಯರ ಭಾಷಾಭಿಮಾನದ ಕ್ರೌರ್ಯಕ್ಕೆ ಉದಾಹರಣೆಯಾಗಿ ಕನ್ನಡಿಗರು ಈ ಘಟನೆಯನ್ನು ನೆನೆಯುತ್ತಾರೆ. ಸ್ವಂತ ಅಭಿಮಾನವನ್ನು ಪರೀಕ್ಷಿಸಿಕೊಳ್ಳಲೂ ಅದು ಒದಗಬೇಕು.

ಇಂದಿನ ನಾಗಪುರಕ್ಕೆ ಬಂದರೆ, ಮೂರನೆಯ ಎಚ್ಚರಿಕೆಯ ನಿಜ ಅದರ ಪೂರ್ವಕ್ಕಿರುವ ಗಡಚಿರೋಲಿಯ ಕಾಡುಗಳಲ್ಲಿ ಕಾಣಸಿಗುತ್ತದೆ. ಬಡ ಆದಿವಾಸಿಗಳ ಹೆಸರಿನಲ್ಲಿ ಅಲ್ಲಿ ಬಂದೂಕು ಹಿಡಿದವರು 2019ರ ಮೇ 1ರಂದು ಸಿಡಿಸಿದ ನೆಲಬಾಂಬಿಗೆ 15 ಪೊಲೀಸರೂ ಅವರ ವಾಹನದ ಚಾಲಕನೂ ಸತ್ತರು. ಆಳುವವರ ಪ್ರತಿಕ್ರಿಯೆಯೂ ಮಿತಿ ಮೀರಬಲ್ಲುದು. ಮಾವೋವಾದಿ ನಂಟಿನ ಆರೋಪದ ಮೇಲೆ 2017ರಲ್ಲಿ ಗಡಚಿರೋಲಿಯ ನ್ಯಾಯಾಲಯದಿಂದ ಜೀವಾವಧಿ ಶಿಕ್ಷೆಗೆ ಗುರಿಯಾಗಿ, ಗಾಲಿಕುರ್ಚಿಯಲ್ಲಿ ನಾಗಪುರದ ಕಾರಾಗೃಹ ಸೇರಿದ ಇಂಗ್ಲಿಷ್ ಅಧ್ಯಾಪಕ ಜಿ. ಎನ್. ಸಾಯಿಬಾಬಾ ಅವರನ್ನು ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠ 2022ರಲ್ಲಿ ಒಮ್ಮೆ, ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಗೊಳಿಸಿದ ಮೇಲೆ 2024ರ ಮಾರ್ಚ್ 5ರಂದು ಮತ್ತೊಮ್ಮೆ ಖುಲಾಸೆ ಮಾಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. 2025ರ ಮಾರ್ಚ್ 17ರಂದು, ನೂರಾರು ಕಿಲೋಮೀಟರು ದೂರದ ಖುಲ್ದಾಬಾದಿನಲ್ಲಿರುವ ಔರಂಗಜೇಬನ ಗೋರಿಯನ್ನು ತೆಗೆಯಬೇಕೆಂಬ ಪ್ರತಿಭಟನೆ ನಾಗಪುರದಲ್ಲಿ ನಡೆಯಿತು. ಪವಿತ್ರ ವಚನಗಳಿದ್ದ ಬಟ್ಟೆಯನ್ನು ಸುಡಲಾಯಿತೆಂಬ ವದಂತಿ ಹಬ್ಬಿ, ಹಳೆಯ ಮಹಾಲ್ ಪ್ರದೇಶದಲ್ಲಿ ಹಿಂಸೆ ಭುಗಿಲೆದ್ದಿತು; ಕರ್ಫ್ಯೂ ಬಿದ್ದಿತು; ಗಾಯಗೊಂಡವರಲ್ಲಿ ಒಬ್ಬರು ಆಸ್ಪತ್ರೆಯಲ್ಲಿ ಸತ್ತರು. 1707ರಲ್ಲಿ ಸತ್ತ ಅರಸನೊಬ್ಬನಿಗಾಗಿ ಜೀವಂತ ನೆರೆಹೊರೆಯವರು ಒಬ್ಬರನ್ನೊಬ್ಬರು ಕಳೆದುಕೊಂಡರು.

1920ರಲ್ಲಿ ಪ್ರತಿನಿಧಿಗಳನ್ನು ಕಳುಹಿದ ಧಾರವಾಡವೂ ಇದರಿಂದ ದೂರವಿಲ್ಲ. ಅಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಡಾ. ಎಂ. ಎಂ. ಕಲಬುರ್ಗಿಯವರ 'ಮಾರ್ಗ' ಸಂಪುಟದಲ್ಲಿನ ಶರಣರ ಬಗೆಗಿನ ಕೆಲವು ಬರಹಗಳು ವಿವಾದಕ್ಕೆ ಒಳಗಾಗಿ, 1989ರಲ್ಲಿ ಒತ್ತಡ ಬೆದರಿಕೆಗಳ ನಡುವೆ ಅವರು ಅವನ್ನು ಹಿಂತೆಗೆದುಕೊಂಡರು. ಅದನ್ನು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂದೇ ಕರೆದುಕೊಂಡರು. ಆಗ ಯಾರೂ ಗುಂಡು ಹಾರಿಸಿರಲಿಲ್ಲ. ವಿದ್ವತ್ ಲೋಕದಲ್ಲಿ ಅನೇಕರು ಅದನ್ನು ಒಬ್ಬ ಸಂಶೋಧಕನ ಖಾಸಗಿ ಸಂಕಟವೆಂದೇ ಭಾವಿಸಿ ಸುಮ್ಮನಾದರು. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದ ಅವರ ಮನೆಯ ಬಾಗಿಲಿಗೆ ಬಂದವರು ಗುಂಡು ಹಾರಿಸಿದರು. ಎರಡು ವರ್ಷಗಳ ನಂತರ ಬೆಂಗಳೂರಿನಲ್ಲಿ ಗೌರಿ ಲಂಕೇಶರೂ ತಮ್ಮ ಮನೆಯ ಮುಂದೆಯೇ ಹತರಾದರು. ಎರಡೂ ಪ್ರಕರಣಗಳನ್ನು ತನಿಖೆ ಮಾಡಿದ್ದು ಕರ್ನಾಟಕದ ಒಂದೇ ವಿಶೇಷ ತನಿಖಾ ದಳ.

ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಬಸವ ಸಮಿತಿಯು ವಚನಗಳನ್ನು ಭಾರತದ ಅನೇಕ ಭಾಷೆಗಳಿಗೆ ಅನುವಾದ ಮಾಡಿಸಿತು. ಮರಾಠಿ ಅವುಗಳಲ್ಲಿ ಒಂದು.