ದೋಣಿ ಅಗ್ಗ, ದಡ ದುಬಾರಿ

ಕಯಾಕ್ ಎಂಬ ಪುಟ್ಟ ದೋಣಿಯಲ್ಲಿ ಕೆರೆಗಿಳಿದು ಗಾಳ ಹಾಕುವ ಹುಚ್ಚು ನನ್ನ ಪರಿಚಯದ ಹುಡುಗರಿಗೂ ಹತ್ತಿದೆ. ರಾಣೆಬೆನ್ನೂರಿನ ಬೀಜದ ಕಂಪನಿಗಳಲ್ಲಿ ದುಡಿಯುವವರು, ಕೈಯಲ್ಲಿ ನಾಲ್ಕು ಕಾಸು ಆಡುತ್ತಿದೆ, ಮೊಬೈಲಿನಲ್ಲಿ ದಿನಾ ಯಾರೋ ಮೊಳದುದ್ದದ ಮೀನು ಎತ್ತಿ ತೋರಿಸುತ್ತಾರೆ. “ಸರ್ರ, ಹದಿನಾಕ ಸಾವಿರಕ್ಕ ಗಾಳಿ ತುಂಬೋ ದೋಣಿ ಬರ್ತೈತ್ರಿ, ಇಬ್ಬರು ಕೂಡಬಹುದು. ತಗೋಳ್ಳೋಣೇನ್ರಿ?” ಎಂದು ನನ್ನನ್ನು ಕೇಳುವುದು ನಾನು ದುಡ್ಡಿನ ಬಗ್ಗೆ ಬರೆಯುತ್ತೇನೆ ಎಂಬ ಕಾರಣಕ್ಕಲ್ಲ, ಭಾನುವಾರ ಬೆಳಗ್ಗೆ ನಾನು ಮನೆಯಲ್ಲಿ ಇರುವುದಿಲ್ಲ ಎಂಬ ಕಾರಣಕ್ಕೆ. ತಗೋಳ್ಳಿ, ಆದರೆ ಮೊದಲು ಒಂದು ಚಳಿಗಾಲ ಐರಣಿಗೆ ಹೋಗಿ ಬನ್ನಿ ಎನ್ನುತ್ತೇನೆ.

ಕಂಬಳಿಗೆ ಹೆಸರಾದ ಐರಣಿ ತುಂಗಭದ್ರೆಯ ದಂಡೆಯ ಊರು. ಅಲ್ಲಿ ಹರಿಗೋಲು ಇಟ್ಟುಕೊಂಡ ಹಿರಿಯರೊಬ್ಬರಿದ್ದಾರೆ, ನಮಗೆಲ್ಲ ಕಾಕಾ. ಬೆಳಗಿನ ಆರರಿಂದ ಹತ್ತರವರೆಗೆ ಇಬ್ಬರನ್ನು ಕೂರಿಸಿಕೊಂಡು ಹೊಳೆಯಲ್ಲಿ ಸುತ್ತಾಡಿಸಲು 600 ರೂಪಾಯಿ ತಗೊಳ್ಳುತ್ತಾರೆ. ಹುಟ್ಟು ಹಾಕುವುದನ್ನು ಕಲಿಸುವುದಕ್ಕೆ ಬೇರೆ ಫೀಸಿಲ್ಲ. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲವಲ್ಲ, ಹೊಸಬರು ಪಕ್ಕಕ್ಕೆ ಹುಟ್ಟು ಹಾಕಿದರೆ ಅದು ನಿಂತಲ್ಲೇ ಗಿರಗಿರ ತಿರುಗುತ್ತದೆ. “ಬಾಜೂಕ ಹಾಕಬ್ಯಾಡ್ರಿ ಸರ್ರ, ಮುಂದ ಹಾಕಿ ನಿಮ್ಮ ಕಡಿ ಎಳಕೊಳ್ರಿ” ಎಂದು ಕಾಕಾ ಹೇಳುವುದು ಅದಕ್ಕೇ. ಗಾಳಕ್ಕೆ ದೊಡ್ಡ ಮೀನು ಬಿದ್ದರೂ ಇದೇ ಕಥೆ. ಎಳೆದಾಟದಲ್ಲಿ ಮೀನಿಗಿಂತ ಮೊದಲು ನಾವೇ ಒಂದು ಸುತ್ತು ತಿರುಗಿರುತ್ತೇವೆ. ಹಗ್ಗಕ್ಕೆ ಕಲ್ಲು ಕಟ್ಟಿ ನೀರಿಗೆ ಬಿಟ್ಟರೆ ಸ್ವಲ್ಪ ತಡೆಯುತ್ತದೆ.

ಈ ಬುಟ್ಟಿದೋಣಿಯನ್ನು ಹಗುರವಾಗಿ ಕಾಣಬೇಡಿ. ವಿಜಯನಗರ ನೋಡಲು ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನ ಇದೇ ಹೊಳೆಯನ್ನು ಚರ್ಮ ಹೊದಿಸಿದ ದುಂಡನೆಯ ದೋಣಿಗಳಲ್ಲಿ ದಾಟುವುದನ್ನು ಬರೆದಿಟ್ಟಿದ್ದಾನೆ. 1800ರ ಜೂನ್‌ನಲ್ಲಿ ಬಂಡಾಯಗಾರ ಧೋಂಡಿಯ ವಾಘನ ಬೆನ್ನು ಹತ್ತಿ ಬಂದ ಬ್ರಿಟಿಷ್ ಕರ್ನಲ್ ವೆಲ್ಲೆಸ್ಲಿ ತನ್ನ ದಂಡನ್ನು ಹರಿಹರದ ಬಳಿ ತುಂಗಭದ್ರೆ ದಾಟಿಸಲು ನೆಚ್ಚಿಕೊಂಡದ್ದೂ ಇಂಥವನ್ನೇ. ಈಗ ಚರ್ಮ ಹೋಗಿ ಡಾಂಬರು ಬಳಿದ ಪ್ಲಾಸ್ಟಿಕ್ ತಾಡಪತ್ರಿ ಬಂತು, ಅದೂ ಹೋಗಿ ಫೈಬರ್ ಬಂದಿದೆ.

ಇನ್ನು ಲೆಕ್ಕ. ರಾಡು, ರೀಲು, ಲೈಫ್ ಜಾಕೆಟ್ಟು, ದಾರ, ಗಾಳ ಇವಕ್ಕೆಲ್ಲ ಒಬ್ಬರಿಗೆ ನಾಲ್ಕರಿಂದ ಐದು ಸಾವಿರ ಆಗುತ್ತದೆ. ಕಯಾಕಾದರೂ ಬೇಕು, ಹರಿಗೋಲಾದರೂ ಬೇಕು, ಆದ್ದರಿಂದ ಅದನ್ನು ಬದಿಗಿಡೋಣ. ಜಾಕೆಟ್ಟಿನಲ್ಲಿ ಮಾತ್ರ ಚೌಕಾಸಿ ಬೇಡ. ಮೀನಿನ ತಿನಿಸಿಗೆ ಖರ್ಚೇ ಇಲ್ಲ ಅನ್ನಿ. ಶೇಂಗಾ ಹಿಂಡಿಯನ್ನು ನೆನೆಸಿ, ಮೈದಾ ಸೇರಿಸಿ, ಗಾಳದಿಂದ ಜಾರದಷ್ಟು ಗಟ್ಟಿಯಾಗಿ ನಾದಿ ಗೋಲಿಯಷ್ಟು ಉಂಡೆ ಕಟ್ಟಿದರೆ ರೋಹು, ಮೃಗಾಲ್ ಬರುತ್ತವೆ. ಕೊರವ ಬೇಕೆಂದರೆ ಎರೆಹುಳು.

ಗಾಳಿ ದೋಣಿಗೆ 14,000, ತೇಪೆ ಅಂಟು ಮುಂತಾದ್ದಕ್ಕೆ ಒಂದು ಸಾವಿರ ಸೇರಿಸಿ. ನಮ್ಮ ಬಿಸಿಲಿಗೆ ಅದರ ಆಯಸ್ಸು ಮೂರು ವರ್ಷ ಎಂದು ಹಿಡಿದರೆ ವರ್ಷಕ್ಕೆ 5,000 ರೂಪಾಯಿ. ಒಂದು ಬೆಳಗಿನ ಹರಿಗೋಲಿಗೆ 600 ಕೊಡುವವನು ಇಷ್ಟಕ್ಕೇ ಲೆಕ್ಕ ನಿಲ್ಲಿಸಿದರೆ, ಎಂಟೊಂಬತ್ತು ಸಲ ಹೋದರೆ ದೋಣಿಯ ದುಡ್ಡು ಹುಟ್ಟಿತು ಎನಿಸುತ್ತದೆ. ಹುಡುಗರು ಹಾಕಿದ ಲೆಕ್ಕವೂ ಇದೇ.

ದಡಕ್ಕೆ ಬನ್ನಿ. ಹದಿನೈದು ಕಿಲೋ ಚೀಲ, ಇಬ್ಬರು ಮನುಷ್ಯರು, ರಾಡುಗಳು ಎಲ್ಲ ಒಂದು ಬೈಕಿನ ಮೇಲೆ ಕೂರುವುದಿಲ್ಲ. ಆಟೊ ಹೋಗಿಬರಲು 300. ಕೆರೆಯ ಮೀನು ಗುತ್ತಿಗೆ ಹಿಡಿದವರಿಗೆ ನಾವು ಕೊಡುವುದು 200. ಅಂದರೆ ಸ್ವಂತ ದೋಣಿಯಿದ್ದರೂ ಪ್ರತಿ ಸಲ 500 ಖರ್ಚು. ಐರಣಿಗೆ ರಾಣೆಬೆನ್ನೂರಿನಿಂದ ಸುಮಾರು ಇಪ್ಪತ್ತು ಕಿಲೋಮೀಟರ್, ಬೈಕಿನ ಪೆಟ್ರೋಲು 100 ಸೇರಿದರೆ ಅಲ್ಲಿ 700. ಸ್ವಂತ ದೋಣಿಯಿಂದ ಸಲಕ್ಕೆ ಉಳಿಯುವುದು ಬರೀ 200 ರೂಪಾಯಿ! ವರ್ಷದ 5,000 ಹುಟ್ಟಬೇಕಾದರೆ 25 ಬೆಳಗು ಬೇಕು. ಮಳೆಗಾಲದಲ್ಲಿ ನೀರಿಗಿಳಿಯುವ ಮಾತಿಲ್ಲ, ಏಪ್ರಿಲ್ ಮೇ ಬಿಸಿಲಲ್ಲಿ ಕೂರಲಾಗದು. ನವೆಂಬರಿನಿಂದ ಮಾರ್ಚ್‌ವರೆಗೆ ಭಾನುವಾರಗಳೇ ಇಪ್ಪತ್ತೊಂದೋ ಇಪ್ಪತ್ತೆರಡೋ, ಅದರಲ್ಲಿ ಮದುವೆ, ಜಾತ್ರೆ, ಗೃಹಪ್ರವೇಶ ಕಳೆಯಿರಿ. ಕೆರೆಯ ಪಕ್ಕದಲ್ಲೇ ಮನೆ ಇದ್ದವರಿಗೆ, ಹೇಗೂ ಕಾರಿದ್ದವರಿಗೆ ಈ ಲೆಕ್ಕ ತಿರುಗುತ್ತದೆ. ಅಂಥವರು ಕೊಳ್ಳಲಿ.

ಬಳ್ಳಾರಿ ಜಾಲಿಯನ್ನು ನಾನಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ನಮ್ಮ ಕಡೆಯ ಕೆರೆ ಏರಿಗಳ ತುಂಬ ಅದರ ಮುಳ್ಳು. ನೀರಿನೊಳಗೆ ಕರಿಜಾಲಿಯ ಮೋಟು ಬೊಡ್ಡೆಗಳು, ನೀರು ತುಂಬಿದಾಗ ಕಣ್ಣಿಗೆ ಬೀಳುವುದಿಲ್ಲ. ಗೆಳೆಯನ ದೋಣಿಯ ತಳದಲ್ಲಿ ಒಂದು ಸೀಜನ್ನಿಗೇ ತೇಪೆಯ ಮೇಲೆ ತೇಪೆ. ಫೈಬರ್ ಹರಿಗೋಲಿಗೆ ಮುಳ್ಳು ಎಂದರೆ ಲೆಕ್ಕಕ್ಕಿಲ್ಲ.

ಗುತ್ತಿಗೆದಾರರಿಗೆ ದುಡ್ಡು ಯಾಕೆ, ಕೆರೆ ಸರ್ಕಾರದ್ದಲ್ಲವೇ ಎಂದು ಕೇಳುವವರಿದ್ದಾರೆ. ಕೆರೆ ಸರ್ಕಾರದ್ದು, ಮೀನಿನ ಹಕ್ಕು ಬೇರೆ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಗಳ ಹಕ್ಕನ್ನು ಮೀನುಗಾರಿಕೆ ಇಲಾಖೆ, ಅದಕ್ಕಿಂತ ಸಣ್ಣವನ್ನು ಗ್ರಾಮ ಪಂಚಾಯ್ತಿ, ಮೀನುಗಾರರ ಸಹಕಾರ ಸಂಘಕ್ಕೋ ಟೆಂಡರ್ ಹಿಡಿದವರಿಗೋ ಸಾಮಾನ್ಯವಾಗಿ ಐದು ವರ್ಷಕ್ಕೆ ಕೊಡುತ್ತವೆ. ಕಟ್ಲಾ, ರೋಹು ಮರಿ ತಂದು ಬಿಟ್ಟವರು ಅವರು. ಕೇಳದೆ ಗಾಳ ಹಾಕುವುದು ಇನ್ನೊಬ್ಬರ ಹೊಲದ ಮೆಣಸಿನಕಾಯಿ ಬಿಡಿಸಿದಂತೆಯೇ, ಬ್ಯಾಡಗಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಊರೊಳಗಿನ ಕೆರೆಯಾದರೆ ನಗರಸಭೆಯನ್ನೂ ಕೇಳಬೇಕು, ಕುಡಿಯುವ ನೀರಿನ ಕೆರೆಯಾದರೆ ಕೇಳುವುದೂ ಬೇಡ. ಹೊಳೆಯಲ್ಲೂ ಲೈಸೆನ್ಸ್ ಬೇಕು. ಕಾಕಾ ಹತ್ತಿರ ಅದಿದೆ, ಹಾಗಾಗಿ ಸಿಕ್ಕ ಮೀನು ಅವರದು. ಮನೆಗೆ ಬೇಕಾದಷ್ಟನ್ನು ತೂಕ ಹಾಕಿಸಿ ಕೊಂಡು ತರುತ್ತೇವೆ.

ಇಂಥ ದೋಣಿ ಕೊಳ್ಳುವವರು ‘ನೋ ಕಾಸ್ಟ್ ಇಎಂಐ’ ಕಂಡೊಡನೆ ಮೆತ್ತಗಾಗುತ್ತಾರೆ. ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ, ಅಷ್ಟನ್ನು ಮಾರುವವರು ರಿಯಾಯಿತಿ ಎಂದು ತೋರಿಸುತ್ತಾರೆ. ಆ ಬಡ್ಡಿಯ ಮೇಲಿನ ಶೇ 18ರ ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ನಿಮ್ಮ ತಲೆಗೇ. ಹವ್ಯಾಸಕ್ಕೆ ಕಂತು ಕಟ್ಟುವುದು ನನಗಂತೂ ಸರಿಬರುವುದಿಲ್ಲ. ವರ್ಷಕ್ಕೆ 20 ರೂಪಾಯಿ ಕೊಟ್ಟರೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಎರಡು ಲಕ್ಷದ ಅಪಘಾತ ವಿಮೆ ಸಿಗುತ್ತದೆ, ಅದನ್ನು ಮಾಡಿಸದೆ ನೀರಿಗಿಳಿಯಬೇಡಿ. ದೊಡ್ಡ ಪಾಲಿಸಿ ಇದ್ದವರು ಸಾಹಸ ಕ್ರೀಡೆಯನ್ನು ಹೊರಗಿಟ್ಟ ಷರತ್ತು ಇದೆಯೇ ಎಂದು ಓದಿ ನೋಡಿ.

ನಾವು ಮೂವರು ಸೇರಿ ಹಳೆಯ ಫೈಬರ್ ಹರಿಗೋಲೊಂದನ್ನು 9,000ಕ್ಕೆ ಕೊಂಡೆವು. ತಲೆಗೆ ಮೂರು ಸಾವಿರ. ಅದು ಕಾಕಾ ಹಿತ್ತಿಲಲ್ಲೇ ಬೋರಲು ಬಿದ್ದಿರುತ್ತದೆ. ವಾರವೆಲ್ಲ ಅವರ ಮಗ ಬಲೆ ಬಿಡಲು ಒಯ್ಯುತ್ತಾನೆ, ಆದ್ದರಿಂದ ಇಡಲು ಬಾಡಿಗೆ ಇಲ್ಲ. ಕಾಕಾ ಜೊತೆಗೆ ಬಂದ ದಿನ ಅವರಿಗೆ 300. ಭದ್ರಾ ಜಲಾಶಯದಿಂದ ನೀರು ಬಿಟ್ಟ ಸುದ್ದಿ ಬಂದರೆ ಅವರೇ ಫೋನ್ ಮಾಡಿ ಬರಬೇಡಿ ಎನ್ನುತ್ತಾರೆ.

ನಾವು ಹೋಗುವ ಕೆರೆಯ ಗುತ್ತಿಗೆ ಮುಂದಿನ ಸಲ ಟೆಂಡರಿಗೆ ಬರುತ್ತದಂತೆ. ಗಾಳದವರಿಗೆ ದಿನದ ಚೀಟಿ ಮಾಡುವ ಯೋಚನೆ ಈಗಿನವರಿಗಿದೆ, ಎಷ್ಟಿಡಲಿ ಎಂದು ನನ್ನನ್ನೇ ಕೇಳಿದರು. ನೂರಿಟ್ಟರೆ ಹುಡುಗರಿಗೆ ದೋಣಿ ಕೊಳ್ಳಿ ಎನ್ನುತ್ತೇನೆ, ಐನೂರಿಟ್ಟರೆ ಅವರನ್ನೂ ಐರಣಿಗೇ ಕರೆದೊಯ್ಯುತ್ತೇನೆ ಎಂದೆ.