ಟ್ರ್ಯಾಕ್ಟರಿನ ಬಾನೆಟ್ಟಿನೊಳಗೆ ಮಳೆಯ ನೀರು: ತಡೆಯುವ ಬಗೆ, ಒಳಹೊಕ್ಕರೆ ಮಾಡಬೇಕಾದ ಕೆಲಸ



ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ಮಳೆ ಕಡಿಮೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಬೀಳುತ್ತದೆ. ಉಳಿದ ತಿಂಗಳುಗಳಿಗಿಂತ ಸೆಪ್ಟೆಂಬರಿನಲ್ಲಿ ಹೆಚ್ಚು. ಇಂಥ ಒಣ ಸೀಮೆಯಲ್ಲಿ ಮಳೆಯ ನೀರಿನಿಂದ ಎಂಜಿನ್ನು ಕೆಡುತ್ತದೆಂದರೆ ಕೆಲವರಿಗೆ ನಗೆ ಬಂದೀತು. ಆದರೆ ಸ್ವಲ್ಪ ವಿಚಾರ ಮಾಡಿ ನೋಡಿರಿ. ಎಂಟು ತಿಂಗಳು ಬಿಸಿಲಿನಲ್ಲಿ ನಿಂತ ಟ್ರ್ಯಾಕ್ಟರಿನ ರಬ್ಬರು ಒಣಗಿ ಬಿರುಕು ಬಿಟ್ಟಿರುತ್ತದೆ. ಕಣದ ಹೊಟ್ಟು ಮತ್ತು ಎರೆಯ ಧೂಳು ಬಾನೆಟ್ಟಿನ ಸಂದುಗೊಂದುಗಳಲ್ಲಿ ತುಂಬಿರುತ್ತದೆ. ಇಂಥ ಗಾಡಿಯ ಮೇಲೆ ಉತ್ತರಿ ಮಳೆ ಒಂದೇ ರಾತ್ರಿ ಜೋರಾಗಿ ಸುರಿದರೆ ಸಾಕು, ನೀರು ಒಳಗೆ ದಾರಿ ಮಾಡಿಕೊಳ್ಳುತ್ತದೆ.

ಹಾನಿಯಾಗುವುದು ಗಾಡಿಗಷ್ಟೇ ಅಲ್ಲ. ಹಿಂಗಾರಿ ಜೋಳದ ಬಿತ್ತಿಗೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ ನಡೆಯತಕ್ಕದ್ದು. ಎರೆ ಹೊಲಕ್ಕೆ ಹದ ಬಂದರೆ ಅದು ಕೆಲವೇ ದಿನ ನಿಲ್ಲುತ್ತದೆ. ಅದೇ ದಿನಗಳಲ್ಲಿ ಟ್ರ್ಯಾಕ್ಟರು ಮಿಸ್ತ್ರಿಯ ಅಂಗಡಿಯಲ್ಲಿ ಬಿಚ್ಚಿಕೊಂಡು ಬಿದ್ದರೆ ಹೊಲ ಕಾಯುವುದಿಲ್ಲ. ಆದುದರಿಂದ ಈ ಪಾಠವನ್ನು ಮಳೆಗಾಲಕ್ಕೆ ಮುಂಚೆ ಓದಿ, ಓದು ಬಾರದವರಿಗೆ ಓದಿ ಹೇಳಿರಿ.

1. ನೀರು ಒಳಗೆ ಹೋಗುವ ದಾರಿಗಳು

ಮೊದಲನೆಯದು, ಮೇಲಕ್ಕೆ ಬಾಯಿ ತೆರೆದ ಸೈಲೆನ್ಸರ್ ಕೊಳವೆ. ಇದರೊಳಗೆ ಬಿದ್ದ ನೀರು ಕೆಳಗಿಳಿದು, ಹೊಗೆ ಹೊರಬರುವ ವಾಲ್ವು ತೆರೆದು ನಿಂತಿದ್ದರೆ ನೇರವಾಗಿ ಸಿಲಿಂಡರಿನೊಳಗೆ ಹೋಗಬಹುದು.

ಎರಡನೆಯದು, ಏರ್ ಕ್ಲೀನರು. ಅದರ ಮೇಲಿನ ಟೋಪಿ ಒಡೆದಿದ್ದರೆ ಅಥವಾ ರಬ್ಬರಿನ ಕೊಳವೆ ಸೀಳಿದ್ದರೆ ಗಾಳಿಯ ಜೊತೆಗೆ ನೀರೂ ಹೋಗುತ್ತದೆ.

ಮೂರನೆಯದು, ಡೀಸೆಲ್ ಟಾಕಿಯ ಮುಚ್ಚಳ. ಅದರ ವಾಯ್ಸರ್ ಸವೆದಿದ್ದರೆ ಮುಚ್ಚಳದ ಸುತ್ತ ನಿಂತ ನೀರು ಹನಿಹನಿಯಾಗಿ ಟಾಕಿಗೆ ಇಳಿಯುತ್ತದೆ.

ನಾಲ್ಕನೆಯದು, ಎಂಜಿನ್ ಆಯಿಲ್ ಹಾಕುವ ಮುಚ್ಚಳ ಮತ್ತು ಆಯಿಲ್ ನೋಡುವ ಗೇಜಿನ ಕಡ್ಡಿಯ ತೂತು.

ಐದನೆಯದು, ಗೇರಿನ ಕೋಲಿನ ಬುಡಕ್ಕಿರುವ ರಬ್ಬರಿನ ಟೋಪಿ. ಇದು ಹರಿದಿರುವುದನ್ನು ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಕೋಲಿನ ಗುಂಟ ಇಳಿದ ನೀರು ಗೇರ್ ಪೆಟ್ಟಿಗೆಯ ಎಣ್ಣೆಯಲ್ಲಿ ಬೆರೆಯುತ್ತದೆ. ಎಷ್ಟೋ ಗಾಡಿಗಳಲ್ಲಿ ನೇಗಿಲು ಎತ್ತುವ ಹೈಡ್ರಾಲಿಕ್ಕಿಗೂ ಅದೇ ಎಣ್ಣೆ.

ಆರನೆಯದು, ಬಾನೆಟ್ಟಿನ ಜೋಡಣೆ. ಅಲ್ಲಿಂದ ಬಿದ್ದ ನೀರು ಬ್ಯಾಟರಿ, ಸೆಲ್ಫ್ ಮೋಟಾರು, ಫ್ಯೂಜಿನ ಪೆಟ್ಟಿಗೆಗಳ ಮೇಲೆ ಹನಿಯುತ್ತದೆ.

2. ಒಂದು ಸಣ್ಣ ಲೆಕ್ಕ

ಕೊಳವೆಯೊಳಗೆ ಎಷ್ಟು ನೀರು ಬಿದ್ದೀತು ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇವೆ. ಸೈಲೆನ್ಸರಿನ ಬಾಯಿ 5 ಸೆಂಟಿಮೀಟರ್ ಅಗಲ ಇದೆಯೆನ್ನಿ. ಅದರ ಬಾಯಿಯ ಕ್ಷೇತ್ರ ಸುಮಾರು 20 ಚದರ ಸೆಂಟಿಮೀಟರ್. ರಾತ್ರಿ 50 ಮಿಲಿಮೀಟರ್, ಅಂದರೆ 5 ಸೆಂಟಿಮೀಟರ್ ಮಳೆಯಾದರೆ ಅದರೊಳಗೆ ಬೀಳುವ ನೀರು ಸುಮಾರು 100 ಘನ ಸೆಂಟಿಮೀಟರ್. ಒಂದು ಸಣ್ಣ ಕಪ್ಪಿನ ಚಹಾದಷ್ಟು.

ಈಗ ಎಂಜಿನ್ನಿನ ಕಡೆ ನೋಡೋಣ. ಮೂರು ಸಿಲಿಂಡರು ಸೇರಿ 2,500 ಘನ ಸೆಂಟಿಮೀಟರ್ ಇರುವ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಪಾಲು ಸುಮಾರು 833. ಅದರ ಒತ್ತಡದ ಪ್ರಮಾಣ 17ಕ್ಕೆ 1 ಇದ್ದರೆ, ಪಿಸ್ಟನ್ನು ಪೂರ್ತಿ ಮೇಲೆ ಬಂದಾಗ ಅದರ ತಲೆಯ ಮೇಲೆ ಉಳಿಯುವ ಜಾಗ 52 ಘನ ಸೆಂಟಿಮೀಟರ್ ಮಾತ್ರ. ಗಾಳಿಯನ್ನು ಇಷ್ಟು ಜಾಗದಲ್ಲಿ ಒತ್ತಬಹುದು. ನೀರನ್ನು ಒತ್ತಲು ಬರುವುದಿಲ್ಲ. ಬಿದ್ದ ನೀರೆಲ್ಲ ಒಂದೇ ಸಿಲಿಂಡರಿಗೆ ಹೋಗುವುದಿಲ್ಲ, ಬಹುಪಾಲು ಕೊಳವೆಯಲ್ಲಿಯೇ ನಿಂತೀತು, ನಿಜ. ಆದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೋದರೂ ಸಾಕು. ಪಿಸ್ಟನ್ನು ನೀರಿಗೆ ಡಿಕ್ಕಿ ಹೊಡೆದು ನಿಲ್ಲುತ್ತದೆ. ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ನೀರು ಇದಕ್ಕಿಂತ ಕಡಿಮೆ ಇದ್ದರೂ ಹಾನಿ ತಪ್ಪಲಿಲ್ಲ. ಗಾಡಿ ವಾರಗಟ್ಟಲೆ ನಿಂತಿದ್ದರೆ ರಿಂಗು, ವಾಲ್ವುಗಳಿಗೆ ತುಕ್ಕು ಹಿಡಿಯುತ್ತದೆ.

3. ತಡೆಯುವ ಬಗೆ

ಸೈಲೆನ್ಸರಿನ ಬಾಯಿಗೆ ತಾನಾಗಿ ಮುಚ್ಚಿಕೊಳ್ಳುವ ತಗಡಿನ ಮುಚ್ಚಳ ಇರಲಿ. ಅದು ಮಸಿ ಹಿಡಿದು ಅರ್ಧ ತೆರೆದೇ ನಿಂತಿದೆಯೋ ಹೇಗೆ ಎಂದು ಕೈಯಿಂದ ಆಡಿಸಿ ನೋಡಬೇಕು. ಮುಚ್ಚಳ ಇಲ್ಲದಿದ್ದರೆ ಎಂಜಿನ್ನು ಆರಿದ ಮೇಲೆ ಒಂದು ಖಾಲಿ ಡಬ್ಬಿಯನ್ನು ಬೋರಲು ಹಾಕಿರಿ. ಮುಂಜಾನೆ ಚಾಲೂ ಮಾಡುವ ಮೊದಲು ಡಬ್ಬಿ ತೆಗೆಯುವುದನ್ನು ಮರೆಯಬಾರದು.

ಹರಿದ ರಬ್ಬರು, ಸವೆದ ವಾಯ್ಸರು ಮಳೆಗೆ ಮೊದಲೇ ಬದಲಾಗಲಿ. ಹೊಸ ಎಂಜಿನ್ನಿನ ಮುಂದೆ ಇವುಗಳ ಬೆಲೆ ಏನೂ ಅಲ್ಲ.

ಡೀಸೆಲ್ ಟಾಕಿಯನ್ನು ಸಂಜೆಯೇ ತುಂಬಿಡಿರಿ. ಖಾಲಿ ಟಾಕಿಯೊಳಗಿನ ಹಸಿ ಗಾಳಿ ರಾತ್ರಿಯ ತಂಪಿಗೆ ಬೆವರಿ ನೀರಾಗುತ್ತದೆ. ಡೀಸೆಲ್ ಬ್ಯಾರಲನ್ನು ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಬಾರದು. ಅದರ ತಲೆಯ ಮೇಲೆ ಮಳೆಯ ನೀರು ನಿಲ್ಲುತ್ತದೆ. ಹಗಲು ಕಾದ ಬ್ಯಾರಲು ರಾತ್ರಿ ತಂಪಾದಾಗ ಬಿರಡೆಯ ಸಂದಿನಿಂದ ಆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬ್ಯಾರಲನ್ನು ನೆರಳಿನಲ್ಲಿ, ಅಡ್ಡ ಮಲಗಿಸಿ ಅಥವಾ ನೀರು ಬಿರಡೆಗೆ ತಾಗದಂತೆ ಓರೆ ಮಾಡಿ ಇಡಿರಿ.

ತಾಡಪತ್ರಿ ಹೊದಿಸುವವರು ಎಂಜಿನ್ನು ಆರುವ ತನಕ ಕಾಯಬೇಕು. ತಾಡಪತ್ರಿಯನ್ನು ನೆಲದ ತನಕ ಬಿಗಿದು ಕಟ್ಟಬಾರದು. ಗಾಳಿ ಆಡದಿದ್ದರೆ ಒಳಗೇ ಬೆವರು ಹನಿದು, ಮಳೆ ಬಿದ್ದಷ್ಟೇ ತೇವವಾಗುತ್ತದೆ. ತಗಡಿನ ಛಪ್ಪರ ಹಾಕಿ, ಗರಸು ಹಾಕಿ ನೆಲ ಎತ್ತರಿಸಿ, ಮಳೆಗಾಳಿ ಬೀಸುವ ಬದಿಗೆ ಗೋಡೆ ಇಟ್ಟುಕೊಂಡರೆ ಎಲ್ಲಕ್ಕಿಂತ ಉತ್ತಮ.

4. ಸೋರುವ ಜಾಗ ಹುಡುಕುವ ಬಗೆ

ಮಾಳಿಗೆ ಮನೆಯಲ್ಲಿ ವಾಸ ಮಾಡಿದವರಿಗೆ ಈ ಮಾತು ಗೊತ್ತು: ನೀರು ಹನಿಯುವ ಜಾಗವೇ ಬೇರೆ, ಸೋರುವ ಜಾಗವೇ ಬೇರೆ. ಜಂತಿಯ ಗುಂಟ ಮಾರು ದೂರ ಹರಿದು ಬಂದು ನೀರು ಹನಿಯುತ್ತದೆ. ಬಾನೆಟ್ಟಿನಲ್ಲಿಯೂ ಹಾಗೆಯೇ. ಬ್ಯಾಟರಿಯ ಮೇಲೆ ನೀರು ಕಂಡಿತೆಂದು ಅಲ್ಲಿಯೇ ಮೇಣ ಮೆತ್ತಿದರೆ ಉಪಯೋಗವಿಲ್ಲ.

ಬಿಸಿಲಿನ ದಿನ, ಎಂಜಿನ್ನು ತಣ್ಣಗಿರುವಾಗ ಹೀಗೆ ಮಾಡಿರಿ. ಬ್ಯಾಟರಿಯ ತಂತಿ ಬಿಚ್ಚಿರಿ, ಗಾಡಿಯ ಮೈಗೆ ಜೋಡಿಸಿದ ತಂತಿಯನ್ನು ಮೊದಲು. ಏರ್ ಕ್ಲೀನರಿನ ಬಾಯಿಗೂ ಸೈಲೆನ್ಸರಿಗೂ ಪ್ಲಾಸ್ಟಿಕ್ ಕಟ್ಟಿರಿ. ಒಳಗಿನ ಭಾಗವನ್ನು ಒಣ ಅರಿವೆಯಿಂದ ಒರೆಸಿ, ಸಂದುಗಳ ಒಳಮೈಗೆ ಸೀಮೆಸುಣ್ಣದ ಪುಡಿ ಉದುರಿಸಿರಿ. ಬಾನೆಟ್ಟು ಮುಚ್ಚಿ ಒಬ್ಬರು ಕೊಡದಿಂದ ಸಣ್ಣಗೆ ನೀರು ಹಾಕಬೇಕು. ಮೊದಲು ಕೆಳಗಿನ ಸಂದಿಗೆ, ಆಮೇಲೆ ಅದರ ಮೇಲಿನದಕ್ಕೆ. ಒಂದೊಂದು ಸಂದಿಯಾದ ಮೇಲೆ ಬಾನೆಟ್ಟು ತೆರೆದು ನೋಡಿದರೆ ಪುಡಿಯಲ್ಲಿ ನೀರು ಹರಿದ ಗೆರೆ ಕಾಣುತ್ತದೆ. ಆ ಗೆರೆಯ ಮೇಲ್ತುದಿಯೇ ಸೋರುವ ಜಾಗ. ಮೇಲಿನಿಂದ ಪ್ರಾರಂಭಿಸಿದರೆ ನೀರು ಎಲ್ಲ ಸಂದುಗಳ ಮೇಲೂ ಹರಿದು ಯಾವುದು ಸೋರಿತೆಂದು ತಿಳಿಯುವುದಿಲ್ಲ.

ಇನ್ನೊಂದು ಮಾತು ಬಹಳ ಮುಖ್ಯ. ಬಾನೆಟ್ಟಿನ ಕೆಳಗೆ, ಬ್ಯಾಟರಿಯ ತಟ್ಟೆಯಲ್ಲಿ ಸಣ್ಣ ತೂತುಗಳಿರುತ್ತವೆ. ಅವು ನೀರು ಹೊರಹೋಗಲು ಬಿಟ್ಟ ದಾರಿ. ಸೋರುತ್ತವೆಂದು ಅವನ್ನು ಮುಚ್ಚಬಾರದು. ಹೊಟ್ಟು, ಎಲೆ, ಎರೆಮಣ್ಣು ಸಿಕ್ಕಿದ್ದರೆ ತಂತಿಯಿಂದ ಚುಚ್ಚಿ ಬಿಡಿಸಿರಿ. ಎಷ್ಟೇ ಬಿಗಿ ಮಾಡಿದರೂ ಸ್ವಲ್ಪ ನೀರು ಬಂದೇ ಬರುತ್ತದೆ. ಬಂದ ನೀರು ಹೋಗಬೇಕು, ಅಷ್ಟೆ.

5. ಮಳೆಯ ಮರುದಿನ ಮಾಡಬೇಕಾದ ಪರೀಕ್ಷೆ

ಮಳೆಯ ಮರುದಿನ ಇಂಥ ಮಾತು ಊರೂರಿನಲ್ಲಿ ಕೇಳಿಬರುವುದುಂಟು:

“ತಮ್ಮಾ, ಗಾಡಿ ಚಾಲೂ ಆಗವಲ್ದೇನೋ?”

“ಸೆಲ್ಫ್ ತಿರಗವಲ್ದರಿ ಕಾಕಾ. ಟಕ್ ಅಂತದ, ನಿಂದರತದ. ಬ್ಯಾಟರಿ ಇಳದಂಗ ಕಾಣತದ.”

“ಹಂಗಾದ್ರ ನಾಕ ಮಂದೀನ್ನ ಕರಿ. ಇಳಿಜಾರಿಗೆ ನೂಕೂಣು.”

ಇಲ್ಲಿಯೇ ತಪ್ಪುವುದು. ಸೆಲ್ಫು ಟಕ್ ಎಂದು ನಿಲ್ಲುವುದಕ್ಕೆ ಬ್ಯಾಟರಿಯೇ ಕಾರಣವಾಗಿರಬೇಕೆಂದಿಲ್ಲ. ಸಿಲಿಂಡರಿನಲ್ಲಿ ನೀರು ನಿಂತಿದ್ದರೂ ಹಾಗೆಯೇ ಆಗುತ್ತದೆ. ಆಗ ಇಳಿಜಾರಿಗೆ ಬಿಟ್ಟು ಗೇರು ಹಾಕಿದರೆ ಗಾಡಿಯ ಪೂರ್ತಿ ಭಾರವೇ ಆ ರಾಡಿನ ಮೇಲೆ ಬೀಳುತ್ತದೆ. ಸೆಲ್ಫು ಮುರಿಯಲಾರದ್ದನ್ನು ನೂಕುವ ಕೈಗಳು ಮುರಿಯುತ್ತವೆ.

ಆದುದರಿಂದ ಸೈಲೆನ್ಸರಿಗೆ ಮುಚ್ಚಳವಿಲ್ಲದೆ ರಾತ್ರಿ ಮಳೆಯಾಗಿದ್ದರೆ, ಕೀಲಿ ತಿರುಗಿಸುವ ಮೊದಲು ನಾಲ್ಕು ಸಂಗತಿ ನೋಡಿರಿ.

ಆಯಿಲ್ ಗೇಜಿನ ಕಡ್ಡಿ ತೆಗೆಯಿರಿ. ಎಣ್ಣೆಯ ಮಟ್ಟ ಏರಿದ್ದರೆ ಅಥವಾ ಬಣ್ಣ ಹಾಲು ಬೆರೆಸಿದ ಚಹಾದಂತೆ ಆಗಿದ್ದರೆ ಎಣ್ಣೆಯಲ್ಲಿ ನೀರಿದೆ. ಚಾಲೂ ಮಾಡಬೇಡಿರಿ. ರೇಡಿಯೇಟರಿನ ನೀರೂ ಪದೇ ಪದೇ ಇಳಿಯುತ್ತಿದ್ದರೆ ಅದು ಮಳೆಯ ನೀರಲ್ಲ, ಒಳಗಿನ ಗ್ಯಾಸ್ಕೆಟ್ ಮುಂತಾದದ್ದು ಕೆಟ್ಟಿದೆ ಎಂದು ತಿಳಿದು ಮಿಸ್ತ್ರಿಗೆ ಹೇಳಬೇಕು.

ಏರ್ ಕ್ಲೀನರ್ ಬಿಚ್ಚಿರಿ. ಎಣ್ಣೆಯ ಬಟ್ಟಲಿನದಾದರೆ ನೀರು ಎಣ್ಣೆಯ ಕೆಳಗೆ ನಿಂತು ಮಟ್ಟ ಏರಿರುತ್ತದೆ. ಚೆಲ್ಲಿ, ಒರೆಸಿ, ಗೆರೆಯ ತನಕ ಹೊಸ ಎಣ್ಣೆ ಹಾಕಿರಿ. ಕಾಗದದ ಫಿಲ್ಟರು ತೊಯ್ದಿದ್ದರೆ ಬದಲಿಸಿರಿ.

ಟಾಕಿಯ ಕೆಳಗಿನ ತಿರುಪು ಸಡಿಲಿಸಿ ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ನಿಲ್ಲಿಸಿರಿ. ನೀರು ಡೀಸೆಲಿಗಿಂತ ಭಾರ. ಇದ್ದರೆ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಶುದ್ಧ ಡೀಸೆಲ್ ಬರುವ ತನಕ ಹೊರಬಿಡಿರಿ. ಫಿಲ್ಟರಿನ ಕೆಳಗಿನ ಬಟ್ಟಲಿನ ನೀರನ್ನೂ ತೆಗೆಯಿರಿ. ಪಂಪಿಗೂ ನೊಜಲಿಗೂ ಡೀಸೆಲೇ ಜಾರೆಣ್ಣೆ. ಅಲ್ಲಿಗೆ ನೀರು ಹೋದರೆ ಅವು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ.

ಬ್ಯಾಟರಿಯ ಗುಬ್ಬಿಗಳನ್ನು ನೋಡಿರಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ತಂತಿ ಬಿಚ್ಚಿ, ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆದು ಒಣಗಿಸಿ, ಜೋಡಿಸಿದ ಮೇಲೆ ವ್ಯಾಸಲೀನ್ ಸವರಿರಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ತೊಯ್ದ ತಂತಿಗಳನ್ನು ಬಿಸಿಲಿಗೆ ಒಣಗಿಸಿರಿ, ಬೆಂಕಿ ಹಿಡಿಯಬೇಡಿರಿ.

6. ಸಿಲಿಂಡರಿಗೆ ನೀರು ಹೋಗಿದ್ದರೆ

ಮಿಸ್ತ್ರಿಯನ್ನು ಕರೆಸಿ ನೊಜಲುಗಳನ್ನು ಬಿಚ್ಚಿಸಬೇಕು. ಎಂಜಿನ್ನನ್ನು ಮೊದಲು ಕೈಯಿಂದ ನಿಧಾನವಾಗಿ ತಿರುಗಿಸಿದರೆ ನೀರು ಆ ತೂತುಗಳಿಂದ ಹೊರಗೆ ಹಾರುತ್ತದೆ. ಆಗ ಯಾರೂ ಮುಖ ಒಡ್ಡಬಾರದು. ನೀರೆಲ್ಲ ಹೋದ ಮೇಲೆ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ನೊಜಲು ಕೂಡಿಸಿ, ಚಾಲೂ ಮಾಡಿ ಅರ್ಧ ಗಂಟೆ ಓಡಿಸಿ ಮತ್ತೆ ಗೇಜು ನೋಡಬೇಕು. ಎಣ್ಣೆ ಪುನಃ ಬೆಳ್ಳಗಾದರೆ ಇನ್ನೊಮ್ಮೆ ಬದಲಿಸಬೇಕು. ಈಚಿನ ಕಾಮನ್ ರೇಲ್ ಎಂಜಿನ್ನುಗಳಲ್ಲಿ ಡೀಸೆಲಿನ ಒತ್ತಡ ಬಹಳ. ಅವುಗಳ ಕೊಳವೆಗಳನ್ನು ಮನೆಯಲ್ಲಿ ಬಿಚ್ಚಲೇಬಾರದು. ತೆಗೆದ ಹಳೆಯ ಎಣ್ಣೆಯನ್ನು ಹಳ್ಳಕ್ಕೆ, ಬಾವಿಯ ಬಳಿಗೆ ಚೆಲ್ಲಬೇಡಿರಿ.

ಹೊಳೆಯ ದಂಡೆಯ ಊರಿನವರಿಗೆ ಎರಡು ಮಾತು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಿನ ಮಹಾಮಳೆಯನ್ನೂ, 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ಬಂದುದನ್ನೂ ನೀವು ಮರೆತಿಲ್ಲ. ಡೋಣಿ ತುಂಬಿದಾಗ ತಾಳಿಕೋಟಿ ಸೀಮೆಯ ದಾರಿ ನಿಲ್ಲುವುದನ್ನೂ ಬಲ್ಲಿರಿ. ತುಂಬಿದ ಹಳ್ಳಕ್ಕೆ ಗಾಡಿ ಇಳಿಸಬೇಡಿರಿ. ನಡುನೀರಿನಲ್ಲಿ ಎಂಜಿನ್ನು ನಿಂತರೆ ಅಲ್ಲಿಯೇ ಮತ್ತೆ ಕೀಲಿ ತಿರುಗಿಸಬೇಡಿರಿ. ಜನ ಮೊದಲು ಪಾರಾಗಲಿ. ನೀರು ಇಳಿದ ಮೇಲೆ ಗಾಡಿಯನ್ನು ಗೇರು ಹಾಕದೆ ಎಳೆಸಿರಿ. ಮುಳುಗಿದ ಗಾಡಿಯಲ್ಲಿ ಎಂಜಿನ್, ಗೇರ್, ಹೈಡ್ರಾಲಿಕ್ ಎಣ್ಣೆ ಎಲ್ಲವನ್ನೂ ಬದಲಿಸಬೇಕಾಗುತ್ತದೆ. ವಿಮೆ ಇದ್ದರೆ ಬಿಚ್ಚುವ ಮೊದಲು ಫೋಟೋ ತೆಗೆದು ವಿಮೆಯವರಿಗೆ ತಿಳಿಸಿರಿ.

7. ಪಾಠದ ಪ್ರಶ್ನೆಗಳು

ಓದಿದವರು ಕಟ್ಟೆಯ ಮೇಲೆ ಕುಳಿತು ಒಬ್ಬರಿಗೊಬ್ಬರು ಕೇಳಿಕೊಳ್ಳಿರಿ.

(1) ನಮ್ಮ ಗಾಡಿಯ ಸೈಲೆನ್ಸರಿಗೆ ಮುಚ್ಚಳ ಇದೆಯೇ? ಅದು ಆಡುತ್ತದೆಯೇ?
(2) ಗೇರ್ ಕೋಲಿನ ರಬ್ಬರು ಹರಿದಿದೆಯೇ?
(3) ಎಣ್ಣೆ ಬೆಳ್ಳಗಾದರೆ ಅದು ಮಳೆಯ ನೀರೋ ರೇಡಿಯೇಟರಿನದೋ ಎಂದು ತಿಳಿಯುವುದು ಹೇಗೆ?
(4) ಸೋರುವ ಜಾಗ ಹುಡುಕುವಾಗ ನೀರನ್ನು ಕೆಳಗಿನಿಂದ ಏಕೆ ಹಾಕಬೇಕು?
(5) ಮಳೆಯ ಮರುದಿನ ಸೆಲ್ಫು ಟಕ್ ಎಂದು ನಿಂತರೆ ಗಾಡಿಯನ್ನು ನೂಕಬಾರದೇಕೆ?

ಮೊದಲಿನ ಎರಡು ಪ್ರಶ್ನೆಗಳಿಗೆ ಉತ್ತರ ಈ ಪುಟದಲ್ಲಿಲ್ಲ. ಎದ್ದು ಹೋಗಿ ಗಾಡಿಯ ಬಳಿ ನಿಂತು ನೋಡಿದರೆ ಸಿಗುತ್ತದೆ. ಉತ್ತರಿ ಮಳೆಗೆ ಮುಂಚೆ ನೋಡಿದರೆ ಹಿಂಗಾರಿ ಬಿತ್ತಿಗೆ ಹದದಲ್ಲಿಯೇ ಮುಗಿದೀತು.